ಪ್ಯಾಡ್ ಮೇಲಿಟ್ಟರೂ ಚಾರ್ಜ್ ಆಗದ ಟ್ಯಾಬ್ಲೆಟ್

ಫೋನ್ ಇಟ್ಟ ಕೂಡಲೇ ಚಾರ್ಜ್ ಮಾಡುವ ವೈರ್‌ಲೆಸ್ ಪ್ಯಾಡ್, ಅದೇ ಮನೆಯ ಟ್ಯಾಬ್ಲೆಟ್ ಇಟ್ಟರೆ ತೆಪ್ಪಗಿರುತ್ತದೆ. ಎರಡರಲ್ಲೊಂದು ಕೆಟ್ಟಿದೆ ಎಂದುಕೊಂಡು ಹೊಸ ಪ್ಯಾಡ್ ಕೊಳ್ಳುವವರೂ ಇದ್ದಾರೆ. ಬಹಳಷ್ಟು ಸಲ ಎರಡೂ ಸರಿಯಾಗಿಯೇ ಇರುತ್ತವೆ. ಪ್ಯಾಡ್ ಕರೆಯುತ್ತಿರುತ್ತದೆ, ಟ್ಯಾಬ್ಲೆಟ್ ಓಗೊಡುತ್ತಿಲ್ಲ, ಅಷ್ಟೇ. ಯಾಕೆ ಓಗೊಡುತ್ತಿಲ್ಲ ಎಂದು ಪತ್ತೆ ಹಚ್ಚಲು ಯಾವ ಉಪಕರಣವೂ ಬೇಡ. ಒಳಗೆ ಏನು ನಡೆಯುತ್ತದೆ ಎಂಬುದು ತಿಳಿದಿದ್ದರೆ ಸಾಕು.

ಮೊದಲು ನೋಡಬೇಕಾದದ್ದು, ಟ್ಯಾಬ್ಲೆಟ್ ಒಳಗೆ ವಿದ್ಯುತ್ ಪಡೆಯುವ ತಂತಿಯ ಸುರುಳಿ ಇದೆಯೇ ಎಂದು. ಬಹುತೇಕ ಟ್ಯಾಬ್ಲೆಟ್‌ಗಳಲ್ಲಿ ಅದು ಇಲ್ಲ. ಆ್ಯಪಲ್ ಈವರೆಗೆ ತಂದ ಯಾವ ಐಪ್ಯಾಡ್‌ನಲ್ಲೂ ಇಲ್ಲ; ಸ್ಯಾಮ್‌ಸಂಗ್‌ನ ದುಬಾರಿ ಗ್ಯಾಲಕ್ಸಿ ಟ್ಯಾಬ್ ಎಸ್ ಸಾಲಿನಲ್ಲೂ ಇಲ್ಲ. 2018ರ ಐಪ್ಯಾಡ್ ಪ್ರೊ ಅಂಚಿಗೆ ಆ್ಯಪಲ್‌ನ ಡಿಜಿಟಲ್ ಪೆನ್ಸಿಲ್ ಅಂಟಿಸಿದರೆ ತಂತಿಯಿಲ್ಲದೆ ಚಾರ್ಜ್ ಆಗುವುದನ್ನು ಕಂಡು ಹಲವರು ಮೋಸ ಹೋಗುತ್ತಾರೆ. ಅಲ್ಲಿ ಟ್ಯಾಬ್ಲೆಟ್ ವಿದ್ಯುತ್ ಕೊಡುತ್ತದೆಯೇ ಹೊರತು ಪಡೆಯುವುದಿಲ್ಲ. 2023ರಲ್ಲಿ ಬಂದ ಗೂಗಲ್‌ನ ಪಿಕ್ಸೆಲ್ ಟ್ಯಾಬ್ಲೆಟ್ ಸ್ಪೀಕರ್ ಡಾಕ್ ಮೇಲೆ ಕೂತು ಚಾರ್ಜ್ ಆಗುವಾಗ ವೈರ್‌ಲೆಸ್‌ನಂತೆಯೇ ಕಾಣುತ್ತದೆ. ಅದರ ಬೆನ್ನು ನೋಡಿ: ನಾಲ್ಕು ಸಣ್ಣ ಲೋಹದ ಬೊಟ್ಟುಗಳಿವೆ. ಡಾಕ್‌ನ ಪಿನ್‌ಗಳು ಅವನ್ನು ಮುಟ್ಟಿದರೆ ಮಾತ್ರ ವಿದ್ಯುತ್ ಹರಿಯುತ್ತದೆ. ಅಲ್ಲಿ ಚಾರ್ಜ್ ನಿಂತರೆ ಒಣಬಟ್ಟೆಯಿಂದ ಆ ಬೊಟ್ಟುಗಳನ್ನು ಒರೆಸಿ ನೋಡುವುದೇ ಮೊದಲ ಚಿಕಿತ್ಸೆ.

ನಿಜವಾದ ಸುರುಳಿ ಇದ್ದ ಟ್ಯಾಬ್ಲೆಟ್‌ಗಳನ್ನು ಬೆರಳಲ್ಲಿ ಎಣಿಸಬಹುದು. 2013ರಲ್ಲಿ ಗೂಗಲ್‌ಗಾಗಿ ಏಸುಸ್ ತಯಾರಿಸಿದ ಎರಡನೇ ತಲೆಮಾರಿನ ನೆಕ್ಸಸ್ 7, 2019ರ ಹುವಾವೇ ಮೇಟ್‌ಪ್ಯಾಡ್ ಪ್ರೊ, ಅಮೆಜಾನ್‌ನ 2020ರ ಫೈರ್ ಎಚ್‌ಡಿ 8 ಪ್ಲಸ್, 2021ರ ಫೈರ್ ಎಚ್‌ಡಿ 10 ಪ್ಲಸ್ ಅವುಗಳಲ್ಲಿ ಮುಖ್ಯವಾದವು. ಹೆಸರಿನ ಕೊನೆಯಲ್ಲಿರುವ ಪ್ಲಸ್ ಎಂಬ ಬಾಲವನ್ನು ಕಡೆಗಣಿಸಬೇಡಿ. ಅದಿಲ್ಲದ ಫೈರ್ ಎಚ್‌ಡಿ 8ರಲ್ಲಿ ಸುರುಳಿ ಇಲ್ಲ. 2012ರ ಮೊದಲ ನೆಕ್ಸಸ್ 7ರಲ್ಲೂ ಇಲ್ಲ. 2011ರ ಎಚ್‌ಪಿ ಟಚ್‌ಪ್ಯಾಡ್‌ನಲ್ಲಿ ಸುರುಳಿ ಇತ್ತು, ಆದರೆ ಅದಕ್ಕೆ ಅದರದ್ದೇ ಆದ ಟಚ್‌ಸ್ಟೋನ್ ಡಾಕ್ ಬೇಕಿತ್ತು. ಇಂದಿನ ಪ್ಯಾಡ್‌ಗಳೆಲ್ಲ ಅನುಸರಿಸುವುದು ವೈರ್‌ಲೆಸ್ ಪವರ್ ಕನ್ಸಾರ್ಟಿಯಂ ರೂಪಿಸಿದ, ಪೆಟ್ಟಿಗೆಯ ಮೇಲೆ ಕ್ಯೂ ಮತ್ತು ಐ ಎಂಬ ಎರಡು ಅಕ್ಷರಗಳಾಗಿ ಕಾಣುವ ‘ಚೀ’ ಮಾನದಂಡವನ್ನು. ಮೇಲೆ ಹೆಸರಿಸಿದ ನೆಕ್ಸಸ್, ಫೈರ್ ಎರಡಕ್ಕೂ ಅದೇ ಸಾಕು.

ಉಳಿದವರು ಯಾಕೆ ಸುರುಳಿ ಹಾಕಲಿಲ್ಲ? ಮುಖ್ಯ ಕಾರಣ ಟ್ಯಾಬ್ಲೆಟ್‌ನ ಬೆನ್ನು. ಒಂದು ಸುರುಳಿಯಲ್ಲಿ ವಿದ್ಯುತ್ ಏರಿಳಿದರೆ ಅದರ ಸುತ್ತ ಕಾಂತಕ್ಷೇತ್ರ ಏರಿಳಿಯುತ್ತದೆ, ಆ ಏರಿಳಿತ ಪಕ್ಕದ ಸುರುಳಿಯಲ್ಲಿ ವಿದ್ಯುತ್ ಹುಟ್ಟಿಸುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿದ್ದು ಇದನ್ನೇ. ಪ್ಯಾಡ್‌ನ ಸುರುಳಿಯಲ್ಲಿ ವಿದ್ಯುತ್ ಸೆಕೆಂಡಿಗೆ ಒಂದು ಲಕ್ಷಕ್ಕೂ ಹೆಚ್ಚು ಸಲ ದಿಕ್ಕು ಬದಲಿಸುತ್ತದೆ. ನಡುವೆ ಅಲ್ಯೂಮಿನಿಯಂ ತಗಡು ಬಂದರೆ ಆ ತಗಡಿನಲ್ಲೇ ಸುಳಿಸುಳಿಯಾಗಿ ವಿದ್ಯುತ್ ಹುಟ್ಟುತ್ತದೆ, ಅದರ ಕಾಂತಕ್ಷೇತ್ರ ಪ್ಯಾಡ್‌ನ ಕ್ಷೇತ್ರಕ್ಕೆ ಎದುರು ನಿಂತು ಅದನ್ನು ಅಳಿಸಿಹಾಕುತ್ತದೆ. ಒಳಗಿನ ಸುರುಳಿಗೆ ಏನೂ ತಲುಪುವುದಿಲ್ಲ, ತಗಡು ಮಾತ್ರ ಬಿಸಿಯಾಗುತ್ತದೆ. ಇಂಡಕ್ಷನ್ ಒಲೆಯಲ್ಲಿ ಪಾತ್ರೆ ಕಾಯುವುದೂ ಇದೇ ನಿಯಮದಿಂದ. ಫೋನ್ ತಯಾರಕರು ಬೆನ್ನಿಗೆ ಗಾಜು ಹಾಕಿ ಇದರಿಂದ ಪಾರಾದರು. ಹತ್ತು ಇಂಚಿನ ಗಾಜಿನ ಬೆನ್ನು ಭಾರವೂ ಹೌದು, ಬಿದ್ದರೆ ಒಡೆಯುವುದೂ ಹೌದು. ನೆಕ್ಸಸ್, ಫೈರ್‌ಗಳ ಬೆನ್ನು ಪ್ಲಾಸ್ಟಿಕ್. ಈ ಒಂದು ವಿಷಯದಲ್ಲಿ ಅಗ್ಗದ ಪ್ಲಾಸ್ಟಿಕ್ ದುಬಾರಿ ಲೋಹಕ್ಕಿಂತ ಮೇಲು ಎಂದೇ ನನ್ನ ಅಭಿಪ್ರಾಯ.

ಸುರುಳಿ ಇದ್ದೂ ಚಾರ್ಜ್ ಆಗದಿದ್ದರೆ ಪ್ಯಾಡ್ ಹೇಗೆ ಕೆಲಸ ಮಾಡುತ್ತದೆ ಎಂದು ಹತ್ತಿರದಿಂದ ನೋಡಬೇಕು. ಖಾಲಿ ಪ್ಯಾಡ್ ಸದಾ ವಿದ್ಯುತ್ ಸುರಿಯುತ್ತಾ ಕೂತಿರುವುದಿಲ್ಲ. ಅದು ಆಗಾಗ ಒಂದು ಕಿರು ತುಡಿತ ಕಳಿಸಿ, ತನ್ನ ಮೇಲೆ ಏನಾದರೂ ಬಂದಿದೆಯೇ ಎಂದು ಪರೀಕ್ಷಿಸುತ್ತದೆ. ಬಂದಂತೆ ಕಂಡರೆ ಇನ್ನೂ ಸ್ವಲ್ಪ ಉದ್ದದ ತುಡಿತ ಕಳಿಸುತ್ತದೆ. ಟ್ಯಾಬ್ಲೆಟ್‌ನ ಸುರುಳಿಗೆ ಜೋಡಿಸಿದ ಚಿಪ್ ಆ ತುಡಿತದ ಶಕ್ತಿಯಿಂದಲೇ ಎಚ್ಚೆತ್ತು ಉತ್ತರಿಸಬೇಕು. ಉತ್ತರಿಸುವ ಕ್ರಮ ಸೊಗಸಾಗಿದೆ: ಅದಕ್ಕೆ ಬೇರೆ ರೇಡಿಯೊ ಇಲ್ಲ. ತಾನು ಎಳೆಯುವ ವಿದ್ಯುತ್ತಿನ ಹೊರೆಯನ್ನು ಬೇಗಬೇಗ ಹೆಚ್ಚು ಕಡಿಮೆ ಮಾಡುತ್ತದೆ, ಆ ಏರಿಳಿತ ಪ್ಯಾಡ್‌ನ ಸುರುಳಿಯಲ್ಲಿ ಸಣ್ಣ ಅಲುಗಾಟವಾಗಿ ಕಾಣಿಸುತ್ತದೆ. ಸೆಕೆಂಡಿಗೆ ಸುಮಾರು 2,000 ಬಿಟ್‌ಗಳ ಆ ನಿಧಾನ ವೇಗದಲ್ಲೇ ಟ್ಯಾಬ್ಲೆಟ್ ತಾನು ಯಾರು, ಎಷ್ಟು ವಿದ್ಯುತ್ ಬೇಕು ಎಂದು ತಿಳಿಸುತ್ತದೆ. ಚಾರ್ಜ್ ಶುರುವಾದ ಮೇಲೂ ಹೆಚ್ಚು ಮಾಡು, ಕಡಿಮೆ ಮಾಡು ಎಂದು ಹೇಳುತ್ತಲೇ ಇರುತ್ತದೆ. ಆ ಸಂದೇಶಗಳು ಒಂದೆರಡು ಸೆಕೆಂಡ್ ಬಾರದಿದ್ದರೆ ಪ್ಯಾಡ್ ವಿದ್ಯುತ್ ಕಡಿದು ಮತ್ತೆ ಮೊದಲಿನಿಂದ ಕರೆಯಲು ತೊಡಗುತ್ತದೆ. ಚಾರ್ಜಿಂಗ್ ಚಿಹ್ನೆ ಬರುತ್ತಾ ಹೋಗುತ್ತಾ ಇದ್ದರೆ ಆಗುತ್ತಿರುವುದು ಇದೇ.

ಇದು ಗೊತ್ತಿದ್ದರೆ ಟ್ಯಾಬ್ಲೆಟ್ ಇಡುವ ರೀತಿಯೇ ಬದಲಾಗುತ್ತದೆ. ನೆಕ್ಸಸ್ 7ರ ಬೆನ್ನು 200 ಮಿಲಿಮೀಟರ್ ಉದ್ದ, 114 ಅಗಲ. ಸಾಮಾನ್ಯ ಚೀ ಸುರುಳಿಯ ವ್ಯಾಸ ನಾಲ್ಕೈದು ಸೆಂಟಿಮೀಟರ್. ಅಂದರೆ ಬೆನ್ನಿನ ಹತ್ತನೇ ಒಂದು ಭಾಗವೂ ಇಲ್ಲ. ಫೋನ್ ಆದರೆ ಕಣ್ಣಳತೆಯಲ್ಲಿ ನಡುವೆ ಇಟ್ಟರೆ ಸಾಕಾಗುತ್ತದೆ, ಇಲ್ಲಿ ಹುಡುಕಬೇಕು. ಹುಡುಕುವಾಗ ಎಲ್ಲರೂ ಟ್ಯಾಬ್ಲೆಟ್ ಅನ್ನು ಸರಸರನೆ ಆಚೀಚೆ ಜಾರಿಸುತ್ತಾರೆ. ಪ್ಯಾಡ್ ಆಗಾಗ ಮಾತ್ರ ಕರೆಯುವುದರಿಂದ ಸರಿಯಾದ ಜಾಗ ಕರೆ ಬರುವ ಮುನ್ನವೇ ದಾಟಿ ಹೋಗುತ್ತದೆ. ಒಂದು ಸೆಂಟಿಮೀಟರ್ ಸರಿಸಿ, ಮೂರು ಸೆಕೆಂಡ್ ನಿಲ್ಲಿ, ಮತ್ತೆ ಸರಿಸಿ. ಜಾಗ ಸಿಕ್ಕಿದ ಮೇಲೆ ಬೆನ್ನಿಗೊಂದು ಚಿಕ್ಕ ಸ್ಟಿಕರ್ ಅಂಟಿಸಿಬಿಡಿ. ಒರಗಿಸಿಡುವ ಸ್ಟ್ಯಾಂಡ್ ಆದರೆ ಅದರ ಸುರುಳಿ ಫೋನ್‌ನ ಎತ್ತರಕ್ಕೆ ಹೊಂದಿಸಿದ್ದಾಗಿರುತ್ತದೆ, ಟ್ಯಾಬ್ಲೆಟ್‌ನ ಸುರುಳಿ ಅದಕ್ಕಿಂತ ಮೇಲೆ ಉಳಿಯುತ್ತದೆ. ಟ್ಯಾಬ್ಲೆಟ್ ಅಡ್ಡ ತಿರುಗಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ.

ಜಾಗ ಸರಿಯಿದ್ದೂ ಆಗದಿದ್ದರೆ ಕವರ್ ಕಳಚಿ. ಎರಡು ಸುರುಳಿಗಳ ನಡುವೆ ಕೆಲವೇ ಮಿಲಿಮೀಟರ್ ಅಂತರ ಇರಬೇಕು. ಮಡಚುವ ಟ್ಯಾಬ್ಲೆಟ್ ಕವರ್‌ಗಳ ದಪ್ಪವೇ ಅದನ್ನು ಮೀರುತ್ತದೆ, ಜೊತೆಗೆ ಅವುಗಳಲ್ಲಿ ಆಯಸ್ಕಾಂತಗಳೂ ಇರುತ್ತವೆ. ಕವರ್ ಜೇಬಿನಲ್ಲಿ ನಾಣ್ಯವೋ ಕೀಲಿಯೋ ಇದ್ದರೆ ಪ್ಯಾಡ್ ಬೇಕೆಂದೇ ನಿಲ್ಲುತ್ತದೆ. ತಾನು ಕಳಿಸಿದ ವಿದ್ಯುತ್ತಿಗೂ ಟ್ಯಾಬ್ಲೆಟ್ ಬಂತು ಎಂದು ತಿಳಿಸಿದ ವಿದ್ಯುತ್ತಿಗೂ ಅದು ಲೆಕ್ಕ ಹೋಲಿಸುತ್ತಿರುತ್ತದೆ. ವ್ಯತ್ಯಾಸ ಹೆಚ್ಚಾದರೆ ನಡುವೆ ಯಾವುದೋ ಲೋಹ ಕಾಯುತ್ತಿದೆ ಎಂದರ್ಥ. ಕೆಂಪು ದೀಪ ಮಿನುಗುವುದು ಹೆಚ್ಚಾಗಿ ಆಗಲೇ. ಎಟಿಎಂ ಕಾರ್ಡನ್ನಂತೂ ನಡುವೆ ಬಿಡಲೇಬೇಡಿ, ಅದರ ಚಿಪ್ ಹಾಳಾಗಬಹುದು.

ಪ್ಯಾಡ್‌ಗೆ ವಿದ್ಯುತ್ ಎಲ್ಲಿಂದ ಬರುತ್ತಿದೆ ಎಂಬುದನ್ನೂ ನೋಡಿ. ಕಂಪ್ಯೂಟರಿನ ಹಳೆಯ ಯುಎಸ್‌ಬಿ ಕಿಂಡಿ ಕೊಡುವುದು 2.5 ವ್ಯಾಟ್, ಪ್ಯಾಡ್‌ಗೇ ಅದು ಸಾಲದು. 15 ವ್ಯಾಟ್ ಎಂದು ಬರೆದ ಪ್ಯಾಡ್‌ಗೆ ಗೋಡೆಯಲ್ಲಿ 20 ವ್ಯಾಟ್ ಅಥವಾ ಹೆಚ್ಚಿನ ಅಡಾಪ್ಟರ್ ಬೇಕು. ಅದೇ ಪ್ಯಾಡ್, ಅದೇ ಅಡಾಪ್ಟರ್‌ನಲ್ಲಿ ಒಂದು ಫೋನ್ ಚಾರ್ಜ್ ಆದರೆ ದೋಷ ಟ್ಯಾಬ್ಲೆಟ್‌ನ ಕಡೆಯದ್ದು ಎಂದು ಗೊತ್ತಾಗುತ್ತದೆ.

ಸುರುಳಿ ಇಲ್ಲದ ಟ್ಯಾಬ್ಲೆಟ್‌ಗೆಂದು ಬೆನ್ನಿಗಂಟಿಸಿ ಚಾರ್ಜಿಂಗ್ ಕಿಂಡಿಗೆ ಸಿಕ್ಕಿಸುವ ತೆಳು ರಿಸೀವರ್‌ಗಳು ಸಿಗುತ್ತವೆ. ಕೊಳ್ಳುವ ಮುನ್ನ ಒಂದು ಲೆಕ್ಕ ಹಾಕಿ. ಹತ್ತನೇ ತಲೆಮಾರಿನ ಐಪ್ಯಾಡ್‌ನ ಬ್ಯಾಟರಿ 28.6 ವ್ಯಾಟ್-ಗಂಟೆ, ಕಂಪನಿ ಹೇಳುವ ಬಳಕೆ 10 ಗಂಟೆ. ಅಂದರೆ ಪರದೆ ಬೆಳಗುತ್ತಿರುವಾಗ ಅದು ಸುಮಾರು 3 ವ್ಯಾಟ್‌ನಷ್ಟು ತಿನ್ನುತ್ತಿರುತ್ತದೆ. ಇಂಥ ರಿಸೀವರ್ ಕೊಡುವುದು ಸಾಮಾನ್ಯವಾಗಿ ಹೆಚ್ಚೆಂದರೆ 5 ವ್ಯಾಟ್. ವಿಡಿಯೊ ನೋಡುತ್ತಾ ಚಾರ್ಜ್‌ಗಿಟ್ಟರೆ ಬ್ಯಾಟರಿಗೆ ಉಳಿಯುವುದು 2 ವ್ಯಾಟ್ ಮಾತ್ರ. ಪರದೆ ಆರಿಸಿಟ್ಟರೂ ತುಂಬಲು ಆರು ಗಂಟೆ ಮೀರುತ್ತದೆ. ಲೋಹದ ಬೆನ್ನಿನ ಮೇಲೆ ಅಂಟಿಸಿದ ರಿಸೀವರ್‌ನ ಹಿಂದೆ, ಕಾಂತಕ್ಷೇತ್ರ ಲೋಹಕ್ಕೆ ತಾಗದಂತೆ ತಡೆಯುವ ಫೆರೈಟ್ ಹಾಳೆ ಚೆನ್ನಾಗಿರದಿದ್ದರೆ ಅದೂ ಸಿಗದು. ನಾನಂತೂ ಇದಕ್ಕೆ ಹಣ ಹಾಕಿ ಎಂದು ಯಾರಿಗೂ ಹೇಳುವುದಿಲ್ಲ.

ಶಾಖದ ಲೆಕ್ಕವೂ ಇದೆ. ತಂತಿಯಿಲ್ಲದ ದಾರಿಯಲ್ಲಿ ಸುಮಾರು ಕಾಲು ಭಾಗ ವಿದ್ಯುತ್ ಬಿಸಿಯಾಗಿ ಕಳೆದುಹೋಗುತ್ತದೆ, ಅದರಲ್ಲಿ ಒಂದು ಪಾಲು ಬ್ಯಾಟರಿಗೆ ಅಂಟಿಕೊಂಡೇ ಹುಟ್ಟುತ್ತದೆ. ಲಿಥಿಯಂ ಬ್ಯಾಟರಿ 45 ಡಿಗ್ರಿ ದಾಟಿದರೆ ಚಾರ್ಜ್ ಮಾಡದಂತೆ ಟ್ಯಾಬ್ಲೆಟ್ ತಡೆಯುತ್ತದೆ. ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರಿನ ಕೋಣೆಗಳಲ್ಲಿ ಗಾಳಿಯೇ 40ರ ಹತ್ತಿರ ಇರುವಾಗ ಚಾರ್ಜ್ ಶೇಕಡಾ 60ಕ್ಕೋ 70ಕ್ಕೋ ಬಂದು ನಿಂತರೆ ಟ್ಯಾಬ್ಲೆಟ್ ಕೆಟ್ಟಿದೆ ಎಂದಲ್ಲ. ಕವರ್ ತೆಗೆದು, ಫ್ಯಾನ್ ಕೆಳಗಿಟ್ಟು, ಪರದೆ ಆರಿಸಿ.

ಇಷ್ಟೆಲ್ಲ ಮಿತಿಗಳಿದ್ದೂ ಈ ತಂತ್ರ ನನಗೆ ಇಷ್ಟವಾಗುವುದು ಹಳೆಯ ಟ್ಯಾಬ್ಲೆಟ್‌ಗಳ ಸಲುವಾಗಿ. ನೆಕ್ಸಸ್ 7ರ ಕಾಲದ ಮೈಕ್ರೊ ಯುಎಸ್‌ಬಿ ಕಿಂಡಿಗಳು ವರ್ಷಗಟ್ಟಲೆ ಎಳೆದಾಟದಲ್ಲಿ ಸಡಿಲಗೊಂಡು ಕೇಬಲ್ ಹಿಡಿಯುವುದೇ ಇಲ್ಲ. ಕಿಂಡಿ ಸತ್ತ ಅಂಥ ಟ್ಯಾಬ್ಲೆಟ್ ಕಸಕ್ಕೆ ಹೋಗಬೇಕಿಲ್ಲ. ಬ್ಯಾಟರಿ ಪೂರ್ತಿ ಬರಿದಾಗಿದ್ದರೂ ಸುರುಳಿಯ ಚಿಪ್ ಪ್ಯಾಡ್‌ನ ತುಡಿತದಿಂದಲೇ ಏಳುತ್ತದೆ, ಅದಕ್ಕೆ ಟ್ಯಾಬ್ಲೆಟ್‌ನ ಬ್ಯಾಟರಿ ಬೇಕಿಲ್ಲ. ಪರದೆಯ ಮೇಲೆ ಏನೂ ಕಾಣದಿದ್ದರೂ ಪ್ಯಾಡ್‌ನ ದೀಪ ಹೊತ್ತಿ ನಿಂತಿದ್ದರೆ ಸುರುಳಿಗಳು ಹೊಂದಿಕೊಂಡಿವೆ ಎಂದೇ ಲೆಕ್ಕ. ಪದೇಪದೇ ಎತ್ತಿ ನೋಡದೆ ಒಂದು ಗಂಟೆ ಹಾಗೆಯೇ ಬಿಡಿ, ಆಮೇಲೆ ಪವರ್ ಗುಂಡಿಯನ್ನು ಹತ್ತಿಪ್ಪತ್ತು ಸೆಕೆಂಡ್ ಒತ್ತಿ ಹಿಡಿಯಿರಿ.