ನಿಮಗಿದು ಗೊತ್ತೇ? ಯುದ್ಧದ ನಾಡಿಗೆ ಔಷಧ ತಲುಪುವ ದಾರಿ

ದಕ್ಷಿಣ ಸುಡಾನ್ ಸ್ವತಂತ್ರವಾದದ್ದು 2011ರ ಜುಲೈ 9ರಂದು. ಮೂರು ವರ್ಷ ತುಂಬುವ ಮೊದಲೇ, 2013ರ ಡಿಸೆಂಬರ್‌ನಲ್ಲಿ, ಅಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಅದಕ್ಕೂ ಹಿಂದೆ, ಸುಡಾನ್‌ನ ಭಾಗವಾಗಿದ್ದಾಗ, ದಶಕಗಟ್ಟಲೆ ಯುದ್ಧ. ಇಂಥ ಕಡೆ ಒಂದು ಮಗುವಿಗೆ ದಡಾರದ ಲಸಿಕೆ ಹಾಕಬೇಕಾದರೆ ಲಸಿಕೆ ಕೈಯಲ್ಲಿದ್ದರೆ ಸಾಲದು. ಯಾರು ಎಲ್ಲಿಗೆ ಹೋಗಬೇಕು, ಯಾವ ದಾರಿ ಹಿಡಿಯಬೇಕು, ಯಾರ ಒಪ್ಪಿಗೆ ಬೇಕು ಎಂಬುದು ಮೊದಲು ತೀರ್ಮಾನವಾಗಬೇಕು. ಜೀವ ಉಳಿಸುವಲ್ಲಿ ಈ ಹೊಂದಾಣಿಕೆಯ ಪಾಲು ಶಸ್ತ್ರಚಿಕಿತ್ಸೆಗಿಂತ ಕಡಿಮೆಯದಲ್ಲ.

◆ ದಕ್ಷಿಣ ಸುಡಾನ್ ವಿಸ್ತಾರದಲ್ಲಿ ಕರ್ನಾಟಕದ ಮೂರು ಪಟ್ಟಿಗಿಂತ ದೊಡ್ಡದು. ರಾಜಧಾನಿ ಜುಬಾದಿಂದ ಉಗಾಂಡಾ ಗಡಿಯ ನಿಮುಲೆವರೆಗಿನ 192 ಕಿ.ಮೀ. ರಸ್ತೆಯೇ ಆ ದೇಶದ ಮೊದಲ ಡಾಂಬರು ಹೆದ್ದಾರಿ. ಅದು ಮುಗಿದದ್ದು 2012ರಲ್ಲಿ. ಉಳಿದ ಕಡೆ ಬಹುಪಾಲು ಎರೆಮಣ್ಣಿನ ದಾರಿ. ಮಳೆ ಶುರುವಾದರೆ ಲಾರಿ ಹೂತುಹೋಗುತ್ತದೆ. ಹಾಗಾಗಿ ಮಳೆಗಾಲಕ್ಕೆ ಬೇಕಾಗುವ ಔಷಧವನ್ನು ಬೇಸಿಗೆಯಲ್ಲೇ ಊರೂರಿಗೆ ಸಾಗಿಸಿ ದಾಸ್ತಾನು ಮಾಡಿಡಬೇಕು. ಈ ಲೆಕ್ಕ ತಪ್ಪಿದರೆ ಮುಂದೆ ಉಳಿಯುವುದು ದುಬಾರಿ ವಿಮಾನವೊಂದೇ.

◆ ಯುದ್ಧದಲ್ಲಿರುವ ಎರಡೂ ಕಡೆಯವರ ಒಪ್ಪಿಗೆ ಪಡೆದು, ಎರಡೂ ಕಡೆಯ ಜನರಿಗೆ ನೆರವು ಮುಟ್ಟಿಸುವ ದೊಡ್ಡ ಪ್ರಯೋಗ ನಡೆದದ್ದು ಈ ನೆಲದಲ್ಲೇ. 1989ರಲ್ಲಿ ವಿಶ್ವಸಂಸ್ಥೆ ಆರಂಭಿಸಿದ ‘ಆಪರೇಷನ್ ಲೈಫ್‌ಲೈನ್ ಸುಡಾನ್’ ಖಾರ್ಟೂಮ್‌ನ ಸುಡಾನ್ ಸರ್ಕಾರದೊಂದಿಗೂ ಮಾತಾಡಿತು, ಬಂಡುಕೋರ ಎಸ್‌ಪಿಎಲ್‌ಎ ಜೊತೆಗೂ ಮಾತಾಡಿತು. ಯುನಿಸೆಫ್, ವಿಶ್ವ ಆಹಾರ ಕಾರ್ಯಕ್ರಮ ಮತ್ತು ಹಲವಾರು ಸ್ವಯಂಸೇವಾ ಸಂಸ್ಥೆಗಳು ಒಂದೇ ಒಪ್ಪಂದದಡಿ ಕೆಲಸ ಮಾಡಿದವು. ದಕ್ಷಿಣದ ಕೆಲಸಕ್ಕೆ ನೆಲೆಯಾದದ್ದು ಕೀನ್ಯಾ ಗಡಿಯ ಲೊಕಿಚೊಗ್ಗಿಯೊ ಎಂಬ ಪುಟ್ಟ ಊರು.

◆ ಆ ಒಪ್ಪಂದದ ದುರ್ಬಲ ಜಾಗವೂ ಅದರೊಳಗೇ ಇತ್ತು. ವಿಮಾನ ಎಲ್ಲೆಲ್ಲಿ ಇಳಿಯಬಹುದು ಎಂಬ ಪಟ್ಟಿಗೆ ಸರ್ಕಾರದ ಒಪ್ಪಿಗೆ ಬೇಕಿತ್ತು. ಪಟ್ಟಿಯಿಂದ ಹೆಸರು ತೆಗೆದರೆ ಆ ಊರಿಗೆ ನೆರವಿಲ್ಲ. 1998ರ ಆರಂಭದಲ್ಲಿ ಬಹರ್ ಎಲ್ ಗಜಲ್ ಪ್ರಾಂತ್ಯಕ್ಕೆ ಹಾರಾಟವನ್ನೇ ತಡೆಯಲಾಯಿತು. ಆ ವರ್ಷ ಅಲ್ಲಿ ಭೀಕರ ಕ್ಷಾಮ. ಒಪ್ಪಿಗೆ ಕೊಡುವ ಕೈಗೆ ಒಪ್ಪಿಗೆ ಹಿಂತೆಗೆದುಕೊಳ್ಳುವ ಬಲವೂ ಸಿಗುತ್ತದೆ ಎಂಬುದನ್ನು ನೆರವಿನ ಸಂಸ್ಥೆಗಳು ತುಂಬ ದುಬಾರಿ ಬೆಲೆ ತೆತ್ತು ಕಲಿತವು.

◆ ಲಸಿಕೆಗಾಗಿ ಬಂದೂಕು ಕೆಳಗಿಟ್ಟ ಮೊದಲ ಯುದ್ಧ ಎಲ್ ಸಾಲ್ವಡಾರ್‌ನದು. 1985ರಲ್ಲಿ ಯುನಿಸೆಫ್ ಮುಖ್ಯಸ್ಥ ಜೇಮ್ಸ್ ಗ್ರಾಂಟ್ ಅವರ ಪ್ರಯತ್ನದಿಂದ ಸರ್ಕಾರ ಮತ್ತು ಗೆರಿಲ್ಲಾಗಳು ಮೂರು ದಿನ ಹೋರಾಟ ನಿಲ್ಲಿಸಿದರು. ಮಕ್ಕಳಿಗೆ ಲಸಿಕೆ ಹಾಕಿ ಮುಗಿಸಿದ ಮೇಲೆ ಯುದ್ಧ ಮುಂದುವರಿಯಿತು. ಆದರೆ ಲಸಿಕೆ ದಿನಗಳ ಪದ್ಧತಿ ಶಾಂತಿ ಒಪ್ಪಂದ ಆಗುವವರೆಗೆ ವರ್ಷವರ್ಷವೂ ನಡೆಯಿತು.

◆ ಒಂದು ಹುಳುವಿನ ಕಾರಣಕ್ಕೆ ಕದನವಿರಾಮ ಆದದ್ದು ಗೊತ್ತೇ? 1995ರ ಮಾರ್ಚ್‌ನಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸುಡಾನ್‌ನ ಎರಡೂ ಬಣಗಳನ್ನು ಒಪ್ಪಿಸಿದರು. ಮೊದಲು ಎರಡು ತಿಂಗಳೆಂದು ಆದ ಮಾತು ಸುಮಾರು ಆರು ತಿಂಗಳವರೆಗೆ ಮುಂದುವರಿಯಿತು. ಆ ಅವಧಿಯಲ್ಲಿ ಆರೋಗ್ಯ ಕಾರ್ಯಕರ್ತರು ಅದುವರೆಗೆ ಕಾಲಿಡಲಾಗದಿದ್ದ ಹಳ್ಳಿಗಳಿಗೆ ಹೋಗಿ, ನೀರು ಸೋಸುವ ಬಟ್ಟೆಗಳನ್ನು ಎರಡು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ಹಂಚಿದರು. ಮಕ್ಕಳಿಗೆ ಲಸಿಕೆ ಹಾಕಿದರು, ‘ನದಿ ಕುರುಡು’ ಎಂಬ ರೋಗಕ್ಕೆ ಮಾತ್ರೆ ಕೊಟ್ಟರು. ಗಿನಿ ಹುಳುವಿನ ರೋಗಕ್ಕೆ ಔಷಧವೂ ಇಲ್ಲ, ಲಸಿಕೆಯೂ ಇಲ್ಲ. ಸೋಸಿದ ನೀರೇ ಮುಖ್ಯ ರಕ್ಷೆ. ಹಾಗಾಗಿ ಪ್ರತಿ ಹಳ್ಳಿಗೂ, ಪ್ರತಿ ಮನೆಗೂ ನಡೆದೇ ಹೋಗಬೇಕಾಗಿತ್ತು.

◆ ಈ ಗಿನಿ ಹುಳು ನಮಗೆ ಹೊಸದಲ್ಲ. ಇದು ನಮ್ಮ ಹಿರಿಯರು ಅನುಭವಿಸಿದ ನಾರುಹುಣ್ಣು. ಮೆಟ್ಟಿಲುಬಾವಿಗೆ ಇಳಿದು ನೀರು ತುಂಬುತ್ತಿದ್ದ ಊರುಗಳಲ್ಲಿ ಅದು ಹರಡುತ್ತಿತ್ತು. ಬೊಬ್ಬೆ ಒಡೆದು ಕಾಲಿನಿಂದ ಹೊರಬರುವ ದಾರದಂಥ ಹುಳುವನ್ನು ಕಡ್ಡಿಗೆ ಸುತ್ತಿ, ದಿನಕ್ಕೆ ಸ್ವಲ್ಪ ಸ್ವಲ್ಪವೇ ಎಳೆಯಬೇಕು. ತುಂಡಾದರೆ ಒಳಗೇ ಉಳಿದು ಕೀವಾಗುತ್ತದೆ. ಅದರ ಉದ್ದ ಒಂದು ಮೀಟರ್‌ವರೆಗೂ ಇರುತ್ತದೆ. ಭಾರತದಲ್ಲಿ ಈ ರೋಗವಿದ್ದ ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕವೂ ಇತ್ತು. ದೇಶದ ಕೊನೆಯ ಪ್ರಕರಣ 1996ರಲ್ಲಿ ರಾಜಸ್ಥಾನದಲ್ಲಿ ಕಂಡಿತು. 2000ದಲ್ಲಿ ಭಾರತ ನಾರುಹುಣ್ಣು ಮುಕ್ತವೆಂದು ಘೋಷಣೆಯಾಯಿತು. 1980ರ ದಶಕದ ನಡುವಿನಲ್ಲಿ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 35 ಲಕ್ಷ ಜನರಿಗೆ ತಗಲುತ್ತಿದ್ದ ಈ ಪಿಡುಗು 2024ರಲ್ಲಿ ಕೇವಲ 15 ಮಂದಿಯಲ್ಲಿ ಕಾಣಿಸಿತು. ಅವರೆಲ್ಲ ಚಾಡ್ ಮತ್ತು ದಕ್ಷಿಣ ಸುಡಾನ್‌ನವರು.

◆ ಹತ್ತು ಸಾವಿರ ಜನರಿಗೆ ಮೂರು ತಿಂಗಳಿಗೆ ಬೇಕಾಗುವ ಔಷಧ, ಸಲಕರಣೆ ಎಲ್ಲ ಸೇರಿದರೆ ಎಷ್ಟು ತೂಗೀತು? ಸುಮಾರು ಒಂದು ಟನ್. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಇತರ ಸಂಸ್ಥೆಗಳು ಕೂಡಿ ರೂಪಿಸಿದ ತುರ್ತು ಆರೋಗ್ಯ ಕಿಟ್‌ನ ಅಳತೆ ಇದು. ಅದರಲ್ಲಿ ತಲಾ ಸಾವಿರ ಜನರಿಗೆ ಸಾಕಾಗುವ ಹತ್ತು ಮೂಲ ಪೆಟ್ಟಿಗೆಗಳಿರುತ್ತವೆ. ಈ ಮೂಲ ಪೆಟ್ಟಿಗೆಯಲ್ಲಿ ಚುಚ್ಚುಮದ್ದು ಇರುವುದಿಲ್ಲ. ವೈದ್ಯರಿಲ್ಲದ ಊರಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರೇ ಅದನ್ನು ಬಳಸಬೇಕಲ್ಲ, ಅದಕ್ಕೆ. ಪ್ರತಿ ಸಂಸ್ಥೆಯೂ ತನಗೆ ತೋಚಿದ ಔಷಧ ಕಳಿಸುತ್ತಿದ್ದ ಕಾಲದ ಗೊಂದಲಕ್ಕೆ ಸಿಕ್ಕ ಉತ್ತರ ಈ ಪೆಟ್ಟಿಗೆ.

◆ ದಿನಕ್ಕೆ ಹತ್ತು ಸಾವಿರ ಜನರಲ್ಲಿ ಒಬ್ಬರು ಸಾಯುತ್ತಿದ್ದರೆ ಅದು ತುರ್ತು ಸ್ಥಿತಿ. ಐದು ವರ್ಷದೊಳಗಿನ ಮಕ್ಕಳಲ್ಲಿ ಹತ್ತು ಸಾವಿರಕ್ಕೆ ಇಬ್ಬರು. ನೆರವಿನ ಸಂಸ್ಥೆಗಳು ಬಹುಕಾಲದಿಂದ ಬಳಸುತ್ತಿರುವ ಅಳತೆ ಇದು.

◆ ನೆರವಿನ ಕೆಲಸಕ್ಕೆ ಜಾಗತಿಕ ಸಮನ್ವಯಾಧಿಕಾರಿ ಇರಬೇಕೆಂದು ವಿಶ್ವಸಂಸ್ಥೆಯ ಮಹಾಸಭೆ ನಿರ್ಣಯಿಸಿದ್ದು 1991ರ ಡಿಸೆಂಬರ್‌ನಲ್ಲಿ. 2005ರಿಂದ ‘ಕ್ಲಸ್ಟರ್’ ವ್ಯವಸ್ಥೆ ಬಂತು: ನೀರಿಗೆ ಒಬ್ಬರು, ಆಹಾರಕ್ಕೆ ಒಬ್ಬರು, ಆರೋಗ್ಯಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹೊಣೆ. ಇದರ ಮುಖ್ಯ ಸಾಧನ ಬಹಳ ಸರಳವಾದ ಒಂದು ಕೋಷ್ಟಕ. ಯಾವ ಸಂಸ್ಥೆ, ಯಾವ ಊರಲ್ಲಿ, ಏನು ಮಾಡುತ್ತಿದೆ ಎಂದು ಎಲ್ಲರೂ ಅದರಲ್ಲಿ ತುಂಬಬೇಕು. ಒಂದು ಪಟ್ಟಣದ ಸಾಲಿನಲ್ಲಿ ನಾಲ್ಕು ಸಂಸ್ಥೆಗಳು, ಪಕ್ಕದ ಕೌಂಟಿಯ ಸಾಲು ಖಾಲಿ. ಆ ಖಾಲಿ ಸಾಲು ಕಣ್ಣಿಗೆ ಬಿದ್ದ ಮೇಲೆಯೇ ಯಾರಾದರೂ ಅಲ್ಲಿಗೆ ಹೊರಡುವುದು. ವಿಮಾನ ನಿಲ್ದಾಣದ ಹತ್ತಿರವಿರುವ ಊರಿಗೆ ಸಹಾಯ ಬೇಗ ಬರುತ್ತದೆ. ಹೆಚ್ಚು ಸಂಕಟದಲ್ಲಿರುವ ಊರು ಅದೇ ಆಗಿರಬೇಕೆಂದಿಲ್ಲ. ಈ ಕೋಷ್ಟಕ ತುಂಬುವುದನ್ನು ಗುಮಾಸ್ತೆ ಕೆಲಸವೆಂದು ಕಡೆಗಣಿಸುವವರಿದ್ದಾರೆ. ನನ್ನ ಮಟ್ಟಿಗೆ ಅದೂ ಚಿಕಿತ್ಸೆಯ ಭಾಗವೇ.

◆ 2012ರಿಂದ ದಕ್ಷಿಣ ಸುಡಾನ್‌ನಲ್ಲಿ ಹಲವು ದಾನಿ ದೇಶಗಳು ಹಣವನ್ನು ಒಂದೇ ನಿಧಿಗೆ ಹಾಕಿ, ಒಂದೊಂದು ಪ್ರದೇಶದ ಆರೋಗ್ಯ ಕೇಂದ್ರಗಳ ಹೊಣೆಯನ್ನು ಒಂದೊಂದು ಸಂಸ್ಥೆಗೆ ಒಪ್ಪಿಸುವ ಪದ್ಧತಿ ನಡೆಯಿತು. ಅಫ್ಘಾನಿಸ್ತಾನವೂ 2003ರಿಂದ ಇಂಥದೇ ಹಾದಿ ಹಿಡಿದಿತ್ತು.

◆ ಊರಲ್ಲೇ ನೆಲೆಯೂರಿ ಕೆಲಸ ಮಾಡಲು ಆಗದ ಪರಿಸ್ಥಿತಿಯಿದ್ದರೆ? 2014ರಲ್ಲಿ ದಕ್ಷಿಣ ಸುಡಾನ್‌ನಲ್ಲಿ ವಿಶ್ವ ಆಹಾರ ಕಾರ್ಯಕ್ರಮ ಮತ್ತು ಯುನಿಸೆಫ್ ಸೇರಿ ಕ್ಷಿಪ್ರ ತಂಡಗಳನ್ನು ಕಟ್ಟಿದವು. ಹೆಲಿಕಾಪ್ಟರ್‌ನಲ್ಲಿ ಇಳಿದು, ಜನರ ಹೆಸರು ಬರೆದುಕೊಂಡು, ಆಕಾಶದಿಂದ ಬೀಳುವ ಧಾನ್ಯ ಹಂಚುತ್ತಲೇ ಮಕ್ಕಳಿಗೆ ಲಸಿಕೆ ಹಾಕಿ, ಅಪೌಷ್ಟಿಕತೆ ಪರೀಕ್ಷಿಸಿ ಹಿಂತಿರುಗುವುದು ಅವರ ಕೆಲಸ.

◆ ಆ ಪರೀಕ್ಷೆಗೆ ಬೇಕಾದದ್ದು ಒಂದು ಬಣ್ಣದ ಪಟ್ಟಿ ಮಾತ್ರ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ಮೇಲ್ತೋಳಿನ ಸುತ್ತಳತೆ 115 ಮಿ.ಮೀ.ಗಿಂತ ಕಡಿಮೆಯಿದ್ದರೆ ಪಟ್ಟಿ ಕೆಂಪು ತೋರಿಸುತ್ತದೆ. ನಮ್ಮ ಅಂಗನವಾಡಿಗಳಲ್ಲೂ ಇಂಥ ಪಟ್ಟಿ ಬಳಸುತ್ತಾರೆ. ಕೆಂಪು ಬಂದ ಮಗುವಿಗೆ ಕೊಡುವ ಪೊಟ್ಟಣ 1996ರಲ್ಲಿ ಫ್ರಾನ್ಸ್‌ನಲ್ಲಿ ತಯಾರಾದದ್ದು: ಶೇಂಗಾ, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ಜೀವಸತ್ವಗಳು. 92 ಗ್ರಾಂ ತೂಕ, 500 ಕಿಲೊ ಕ್ಯಾಲರಿ. ಅದಕ್ಕೆ ನೀರು ಬೆರೆಸಬೇಕಿಲ್ಲ, ಕುದಿಸಬೇಕಿಲ್ಲ. ಕೊಳಕು ನೀರಿನ ನಾಡಿನಲ್ಲಿ ಇದೇ ಅದರ ದೊಡ್ಡ ಗುಣ.

◆ ಯುದ್ಧಪೀಡಿತರಿಗೆ ಭಾರತ ಕೊಟ್ಟ ಅತಿ ದೊಡ್ಡ ವೈದ್ಯಕೀಯ ಕೊಡುಗೆ ಯಾವುದೆಂದು ಕೇಳಿದರೆ ನಾನು ದಿಲೀಪ್ ಮಹಲನಬಿಸ್ ಅವರ ಹೆಸರು ಹೇಳುತ್ತೇನೆ. 1971ರ ಬಾಂಗ್ಲಾದೇಶ ವಿಮೋಚನಾ ಯುದ್ಧ. ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ನಡುವೆ ಕಾಲರಾ. ಸಲೈನ್ ಬಾಟಲಿ ಸಾಲುತ್ತಿರಲಿಲ್ಲ, ಹಾಕುವ ಕೈಗಳೂ ಸಾಲುತ್ತಿರಲಿಲ್ಲ. ಅವರು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಬೆರೆಸಿ, ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಶೇ. 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇ. 3.6ಕ್ಕೆ ಇಳಿಯಿತು. 2022ರಲ್ಲಿ ತೀರಿಕೊಂಡ ಅವರಿಗೆ ಮರುವರ್ಷ ಮರಣೋತ್ತರವಾಗಿ ಪದ್ಮವಿಭೂಷಣ ಸಂದಿತು. 2024ರಲ್ಲಿ ದಕ್ಷಿಣ ಸುಡಾನ್‌ನ ರೆಂಕ್‌ನಲ್ಲಿ ಕಾಣಿಸಿಕೊಂಡ ಕಾಲರಾ ದೇಶದ ತುಂಬ ಹಬ್ಬಿದಾಗಲೂ ಮೊದಲ ಮದ್ದು ಇಂಥದೇ ಮಿಶ್ರಣದ ಓಆರ್‌ಎಸ್ ಪೊಟ್ಟಣವೇ.

◆ 1984ರಿಂದ ಹತ್ತು ವರ್ಷಗಳಲ್ಲಿ ಇಂದಿನ ದಕ್ಷಿಣ ಸುಡಾನ್‌ನ ಪಶ್ಚಿಮ ಅಪ್ಪರ್ ನೈಲ್ ಪ್ರದೇಶದಲ್ಲಿ ಕಾಲಾ ಅಜಾರ್ ಎಂಬ ಕಾಯಿಲೆಗೆ ಸುಮಾರು ಒಂದು ಲಕ್ಷ ಜನ ಬಲಿಯಾದರೆಂದು ಅಂದಾಜು. ಅಲ್ಲಿ ರೋಗಿಗಳನ್ನು ಉಳಿಸಿದವರಲ್ಲಿ ಒಬ್ಬರು ಅಮೆರಿಕದ ವೈದ್ಯೆ ಜಿಲ್ ಸೀಮನ್. ದಿನಕ್ಕೊಂದರಂತೆ ವಾರಗಟ್ಟಲೆ ಚುಚ್ಚುಮದ್ದು ಕೊಡಬೇಕಾದ ಕಾಯಿಲೆ ಇದು. ಮುಂದೆ, ಬ್ರಾಂಡ್ ಔಷಧದಷ್ಟೇ ಕೆಲಸ ಮಾಡುವ, ಆದರೆ ಎಷ್ಟೋ ಅಗ್ಗವಾದ, ಕೋಲ್ಕತ್ತದಲ್ಲಿ ತಯಾರಾದ ಜೆನೆರಿಕ್ ಮದ್ದು ಸುಡಾನ್‌ಗೆ ಬಂತು.

◆ 2014ರ ಜನವರಿ ಕೊನೆಯಲ್ಲಿ ಯುದ್ಧ ದಕ್ಷಿಣ ಸುಡಾನ್‌ನ ಲೇರ್ ಪಟ್ಟಣಕ್ಕೆ ಬಂದಾಗ ‘ಗಡಿಯಿಲ್ಲದ ವೈದ್ಯರು’ ಸಂಸ್ಥೆಯ ಆಸ್ಪತ್ರೆಯ 240 ಮಂದಿ ಸ್ಥಳೀಯ ಸಿಬ್ಬಂದಿ, ತೀವ್ರ ಅಸ್ವಸ್ಥರಾದ ಹತ್ತಾರು ರೋಗಿಗಳ ಜೊತೆ ಕಾಡಿಗೆ ಓಡಿದರು. ಹೊರಲಾದಷ್ಟು ಔಷಧ ಹೊತ್ತುಕೊಂಡು, ಪೊದೆಗಳ ಮರೆಯಲ್ಲೇ ಚಿಕಿತ್ಸೆ ಮುಂದುವರಿಸಿದರು. ಕಾಲು ಶತಮಾನ ನಡೆದಿದ್ದ ಆ ಆಸ್ಪತ್ರೆ ಧ್ವಂಸವಾಯಿತು.

◆ ಮಾಬನ್ ಕೌಂಟಿಯ ಬುಂಜ್ ಆಸ್ಪತ್ರೆಯ ಶಸ್ತ್ರವೈದ್ಯ ಇವಾನ್ ಅತಾರ್ ಅದಾಹಾ ಅವರಿಗೆ 2018ರಲ್ಲಿ ವಿಶ್ವಸಂಸ್ಥೆಯ ನಾನ್‌ಸೆನ್ ನಿರಾಶ್ರಿತರ ಪ್ರಶಸ್ತಿ ಸಿಕ್ಕಿತು. ಆಗ ಎರಡು ಲಕ್ಷ ಜನರಿಗೆ ಅವರ ಆಸ್ಪತ್ರೆಯೇ ಆಸರೆಯಾಗಿತ್ತು. ಅವರಲ್ಲಿ 1,44,000 ಮಂದಿ ಸುಡಾನ್‌ನಿಂದ ಬಂದ ನಿರಾಶ್ರಿತರು. 2011ರಲ್ಲಿ ಬುಂಜ್‌ಗೆ ಬಂದಾಗ ಅಲ್ಲಿದ್ದದ್ದು ಪಾಳುಬಿದ್ದ ಆರೋಗ್ಯ ಕೇಂದ್ರ; ಮೇಜುಗಳನ್ನು ಒಂದರ ಮೇಲೊಂದು ಪೇರಿಸಿ ಶಸ್ತ್ರಚಿಕಿತ್ಸೆಗೆ ಎತ್ತರ ಮಾಡಿಕೊಂಡರು. ಪ್ರಶಸ್ತಿ ಬಂದ ಕಾಲಕ್ಕೂ ಅವರ ಥಿಯೇಟರಿನಲ್ಲಿ ದೊಡ್ಡ ದೀಪ ಒಂದೇ, ಎಕ್ಸ್‌ರೇ ಯಂತ್ರ ಕೆಟ್ಟುನಿಂತಿತ್ತು, ಪೂರ್ಣ ಅರಿವಳಿಕೆಯ ಸೌಲಭ್ಯ ಇರಲಿಲ್ಲ. ಕೆಟಮಿನ್ ಮತ್ತು ಬೆನ್ನುಹುರಿಯ ಚುಚ್ಚುಮದ್ದನ್ನೇ ನಂಬಿ ವಾರಕ್ಕೆ ಸರಾಸರಿ 58 ಶಸ್ತ್ರಚಿಕಿತ್ಸೆ. ಉಸಿರಾಟವನ್ನು ಅಷ್ಟಾಗಿ ಕುಗ್ಗಿಸದ ಕೆಟಮಿನ್‌ಗೆ ವೆಂಟಿಲೇಟರ್ ಬೇಕಿಲ್ಲ. ಆದ್ದರಿಂದಲೇ ಯುದ್ಧಭೂಮಿಯ ವೈದ್ಯರಿಗೆ ಅದು ಅಷ್ಟು ಬೇಕಾದ ಔಷಧ.

◆ ಮಲಕಾಲ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ಭಾರತೀಯ ತುಕಡಿ ಆಸ್ಪತ್ರೆ ನಡೆಸಿದೆ. ಜೊತೆಗೆ ಅದರ ಪಶುವೈದ್ಯರು ದನಗಳಿಗೂ ಚಿಕಿತ್ಸೆ ಕೊಟ್ಟಿದ್ದಾರೆ. ದನವೇ ಆಸ್ತಿ, ದನವೇ ಮದುವೆಯ ತೆರ, ಹಾಲೇ ಮಕ್ಕಳ ಊಟವಾದ ಸಮಾಜದಲ್ಲಿ ಇದು ನೂರಕ್ಕೆ ನೂರು ಸರಿಯಾದ ಆರೋಗ್ಯ ಸೇವೆ.

◆ ದಕ್ಷಿಣ ಸುಡಾನ್‌ನ ಅತಿ ಚಿಕ್ಕ ಆಡಳಿತ ಘಟಕ ‘ಬೋಮಾ’. 2017ರಲ್ಲಿ ಆರಂಭವಾದ ಯೋಜನೆಯಲ್ಲಿ ಅದೇ ಊರಿನವರಿಗೆ ತರಬೇತಿ ಕೊಟ್ಟು, ಮಕ್ಕಳ ಮಲೇರಿಯಾ, ಭೇದಿ, ನ್ಯುಮೋನಿಯಾಗಳಿಗೆ ಮನೆಬಾಗಿಲಲ್ಲೇ ಮದ್ದು ಕೊಡಿಸಲಾಗುತ್ತದೆ. ನಮ್ಮ ಆಶಾ ಕಾರ್ಯಕರ್ತೆಯರನ್ನು ಬಲ್ಲವರಿಗೆ ಇದರ ಬೆಲೆ ಹೇಳಬೇಕಿಲ್ಲ. ಹೊರಗಿನ ಸಂಸ್ಥೆ ಗುಂಡಿನ ಸದ್ದಿಗೆ ಊರು ಬಿಟ್ಟರೂ ಇವರು ಜನರ ಜೊತೆಯಲ್ಲೇ ಇರುತ್ತಾರೆ.

◆ ಯುದ್ಧದಲ್ಲಿ ಆಸ್ಪತ್ರೆ, ವೈದ್ಯರು, ರೋಗಿಗಳ ಮೇಲೆ ದಾಳಿ ಮಾಡಬಾರದೆಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2286ನೇ ನಿರ್ಣಯವನ್ನು ಸರ್ವಾನುಮತದಿಂದ ಅಂಗೀಕರಿಸಿದ್ದು 2016ರ ಮೇ 3ರಂದು. ಸರಿಯಾಗಿ ಒಂಬತ್ತು ವರ್ಷಗಳ ಮೇಲೆ, 2025ರ ಮೇ 3ರಂದು, ದಕ್ಷಿಣ ಸುಡಾನ್‌ನ ಓಲ್ಡ್ ಫಂಗಾಕ್‌ನಲ್ಲಿ ‘ಗಡಿಯಿಲ್ಲದ ವೈದ್ಯರು’ ಆಸ್ಪತ್ರೆಯ ಮೇಲೆ ಬಾಂಬ್ ಬಿತ್ತು. ಕನಿಷ್ಠ ಏಳು ಜನ ಸತ್ತರು. ಔಷಧಗಳ ದಾಸ್ತಾನು ಪೂರ್ತಿ ಸುಟ್ಟುಹೋಯಿತು. ಫಂಗಾಕ್ ಕೌಂಟಿಯ ಒಂದು ಲಕ್ಷಕ್ಕೂ ಹೆಚ್ಚು ಜನರಿಗೆ ಇದ್ದದ್ದು ಅದೊಂದೇ ಆಸ್ಪತ್ರೆ.