ಹಳೆಯ ಪಿಕಪ್ ವಾಹನಕ್ಕೆ ಯಾವ ಎಂಜಿನ್ ಆಯಿಲ್? ಖರೀದಿಗೆ ಮುನ್ನ ಸದಸ್ಯರು ಗಮನಿಸಬೇಕಾದ ಅಂಶಗಳು



ಸಾಮಾನ್ಯ ಸಭೆಯ ಅನುಮೋದನೆಗೆ ಬರುವ ಬಿಲ್ಲುಗಳ ಪೈಕಿ ವಾಹನದ ಎಂಜಿನ್ ಆಯಿಲ್ ಬಿಲ್ಲು ಅತಿ ಸಣ್ಣ ಮೊತ್ತದ್ದು. ಬೀದಿದೀಪ, ಪೈಪ್‌ಲೈನ್ ದುರಸ್ತಿ, ಪಂಪ್‌ಸೆಟ್ ರಿವೈಂಡಿಂಗ್ ಬಿಲ್ಲುಗಳ ಮೇಲೆ ಅರ್ಧ ಗಂಟೆ ಚರ್ಚಿಸುವ ನಾವು ಇದನ್ನು ಓದಿ ಮುಂದಕ್ಕೆ ಸಾಗುತ್ತೇವೆ. ಎಂಜಿನಿಯರಿಂಗ್ ಓದಿ ಬಂದ ನಾನೂ ಹಾಗೆಯೇ ಮಾಡುತ್ತಿದ್ದೆ. "ಆಯಿಲ್ ಮತ್ತು ಕೂಲಿ" ಎಂದಷ್ಟೇ ಬರೆದ ಓಚರಿಗೆ ಎರಡು ವರ್ಷ ಸಹಿ ಹಾಕಿದ್ದೇನೆ. ಯಾವ ಆಯಿಲ್ ಎಂದು ಒಮ್ಮೆಯೂ ಕೇಳಲಿಲ್ಲ.

ನಾನು ಹಿಂದೆ ಕರ್ತವ್ಯ ನಿರ್ವಹಿಸಿದ ಪಂಚಾಯತಿಯಲ್ಲಿ ಕಸ ಸಂಗ್ರಹಣೆಯ ಹಳೆಯ ಡೀಸೆಲ್ ಪಿಕಪ್ ಒಂದಿತ್ತು. ಸ್ವ-ಸಹಾಯ ಗುಂಪಿನ ಸದಸ್ಯೆಯೊಬ್ಬರು ತರಬೇತಿ ಪಡೆದು ಅದನ್ನು ಓಡಿಸುತ್ತಿದ್ದರು. "ಸರ್, ಗಾಡಿ ಬಿಸಿಯಾದ ಮೇಲೆ ನಿಂತಲ್ಲಿ ಕೆಂಪು ದೀಪ ಮಿಣುಕ್ತದೆ" ಎಂದು ಅವರು ಎರಡು ಬಾರಿ ತಿಳಿಸಿದ್ದರು. ಮುಂದಿನ ಸರ್ವಿಸಿನಲ್ಲಿ ನೋಡೋಣ ಎಂದು ನಾನು ಹೇಳಿದ್ದೆ. ಸರ್ವಿಸ್ ಬರುವ ಮೊದಲೇ ಎಂಜಿನ್ ಜಾಮ್ ಆಗಿ ವಾಹನ ನಡುರಸ್ತೆಯಲ್ಲಿ ನಿಂತಿತು. ಐದು ವಾರ ಮನೆಮನೆ ಕಸ ಸಂಗ್ರಹ ನಿಂತುಹೋಯಿತು. ಸಂತೆ ಮೈದಾನದ ಪಕ್ಕದಲ್ಲಿ ಕಸದ ರಾಶಿ ಬೆಳೆಯಿತು. ಹತ್ತು ವರ್ಷಗಳ ಆಯಿಲ್ ಖರ್ಚಿಗಿಂತ ಹೆಚ್ಚಿನ ಮೊತ್ತ ಒಂದೇ ಓವರ್‌ಹಾಲ್‌ಗೆ ತೆರಬೇಕಾಯಿತು. ಆ ಐದು ವಾರ ಚಾಲಕಿಗೆ ಕೆಲಸವಿರಲಿಲ್ಲ ಎಂಬುದು ಯಾವ ಲೆಕ್ಕಪತ್ರದಲ್ಲೂ ದಾಖಲಾಗಲಿಲ್ಲ. ಈ ಲೇಖನವನ್ನು ಬರೆಯಲು ಕಾರಣ ಅದೇ.

ಎಂಜಿನ್ ಬಿಚ್ಚಿದಾಗ ಸಂಪ್‌ನಲ್ಲಿ ಗ್ರೀಸಿನಂತಹ ಕಪ್ಪು ಕೆಸರು ಸಿಕ್ಕಿತು. ಆಯಿಲನ್ನು ಹೀರುವ ಜಾಲರಿ ಅರ್ಧಕ್ಕಿಂತ ಹೆಚ್ಚು ಮುಚ್ಚಿಹೋಗಿತ್ತು. "ಹತ್ತು ಸಾವಿರ ಕಿಲೋಮೀಟರ್ ಇನ್ನೂ ಆಗಿಲ್ಲವಲ್ಲ" ಎಂಬುದು ನನ್ನ ಮೊದಲ ಪ್ರತಿಕ್ರಿಯೆ. ತಪ್ಪಿದ್ದುದು ಅಲ್ಲಿಯೇ. ಆ ವಾಹನ ದಿನಕ್ಕೆ ಸುಮಾರು 22 ಕಿಲೋಮೀಟರ್ ಓಡುತ್ತಿತ್ತು, ಆದರೆ ಎಂಜಿನ್ ಚಾಲೂ ಇರುತ್ತಿದ್ದುದು ನಾಲ್ಕು ಗಂಟೆ. ಪ್ರತಿ ಮನೆಯ ಮುಂದೆ ನಿಲ್ಲಬೇಕು, ಧ್ವನಿವರ್ಧಕ ನುಡಿಯುತ್ತಿರಬೇಕು, ಘಟಕದಲ್ಲಿ ಟಿಪ್ಪರ್ ಎತ್ತಬೇಕು. ತಿಂಗಳಿಗೆ 26 ದಿನವೆಂದರೆ 572 ಕಿಲೋಮೀಟರ್, 104 ಗಂಟೆ. ಈ ಲೆಕ್ಕದಲ್ಲಿ ಹತ್ತು ಸಾವಿರ ಕಿಲೋಮೀಟರ್ ಮುಗಿಯಲು ಹದಿನೇಳು ತಿಂಗಳಿಗೂ ಹೆಚ್ಚು ಬೇಕು. ಅಷ್ಟರಲ್ಲಿ ಎಂಜಿನ್ 1,800 ಗಂಟೆ ದುಡಿದಿರುತ್ತದೆ. ತಮ್ಮಲ್ಲಿ ಅನೇಕರ ಮನೆಯಲ್ಲಿ ಟ್ರ್ಯಾಕ್ಟರ್ ಇದೆ. ಅದರ ಆಯಿಲನ್ನು ಸಾಮಾನ್ಯವಾಗಿ 250 ಗಂಟೆಗೊಮ್ಮೆ ಬದಲಿಸುತ್ತೀರಿ. ಸ್ವಂತ ಟ್ರ್ಯಾಕ್ಟರಿಗೆ ತೋರುವ ಕಾಳಜಿಯನ್ನು ಪಂಚಾಯತಿಯ ವಾಹನಕ್ಕೆ ನಾವು ತೋರಿರಲಿಲ್ಲ.

ಆದ್ದರಿಂದ ಕಸದ ವಾಹನದ ಆಯಿಲನ್ನು ಕಿಲೋಮೀಟರ್ ನೋಡಿ ಬದಲಿಸುವ ಪದ್ಧತಿಯನ್ನು ಕೈಬಿಡುವುದು ಸೂಕ್ತ. ಕೈಪಿಡಿಯಲ್ಲಿ ಕಠಿಣ ಬಳಕೆಗೆ ಪ್ರತ್ಯೇಕ ಅವಧಿ ನೀಡಿದ್ದರೆ ಅದನ್ನೇ ಅನುಸರಿಸಬೇಕು. ನಾವು ಓವರ್‌ಹಾಲ್ ನಂತರ ನಾಲ್ಕು ತಿಂಗಳಿಗೊಮ್ಮೆ, ಅಂದರೆ ಸುಮಾರು 400 ಗಂಟೆಗೊಮ್ಮೆ, ಫಿಲ್ಟರ್ ಸಹಿತ ಬದಲಿಸುವುದೆಂದು ಸಭೆಯಲ್ಲಿ ತೀರ್ಮಾನಿಸಿದೆವು. ಉಳುಮೆಯ ಟ್ರ್ಯಾಕ್ಟರಿನಷ್ಟು ಭಾರವನ್ನು ಈ ಎಂಜಿನ್ ಎಳೆಯುವುದಿಲ್ಲವಾದ್ದರಿಂದ 250 ಗಂಟೆ ಅನಗತ್ಯವೆಂಬುದು ನನ್ನ ಅಭಿಪ್ರಾಯ. ಫಿಲ್ಟರ್ ಬದಲಿಸದೆ ಆಯಿಲ್ ಮಾತ್ರ ಬದಲಿಸುವುದು ಸ್ನಾನ ಮಾಡಿ ಮಾಸಿದ ಬಟ್ಟೆಯನ್ನೇ ತೊಟ್ಟಂತೆ.

ಇನ್ನು ಡಬ್ಬಿಯ ಮೇಲಿನ ಬರಹದ ವಿಚಾರ. ಅಲ್ಲಿ ಎರಡು ಸಂಗತಿಗಳನ್ನು ಓದಬೇಕು. ಮೊದಲನೆಯದು ಸ್ನಿಗ್ಧತೆ, ಅಂದರೆ ಆಯಿಲಿನ ಮಂದ. 15ಡಬ್ಲ್ಯೂ-40 ಎಂಬುದರಲ್ಲಿ ಡಬ್ಲ್ಯೂ ಎಂದರೆ ಚಳಿಗಾಲ. ಅದರ ಹಿಂದಿನ ಸಂಖ್ಯೆ ತಣ್ಣಗಿರುವಾಗಿನ ಹರಿವನ್ನು ಸೂಚಿಸುತ್ತದೆ. ಸಂಖ್ಯೆ ಕಡಿಮೆಯಾದಷ್ಟೂ ಚಳಿಯಲ್ಲಿ ಸುಲಭವಾಗಿ ಹರಿಯುತ್ತದೆ. ಕೊನೆಯ 40 ಎಂಬುದು 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಆಯಿಲ್ ಉಳಿಸಿಕೊಳ್ಳುವ ಮಂದದ ದರ್ಜೆ. 15ಡಬ್ಲ್ಯೂ ದರ್ಜೆಯನ್ನು ಪರೀಕ್ಷಿಸುವುದೇ ಸೊನ್ನೆಗಿಂತ 20 ಡಿಗ್ರಿ ಕೆಳಗೆ. ನಮ್ಮ ರಾಜ್ಯದ ಯಾವ ಊರಿನ ಚಳಿಯೂ ಅದರ ಹತ್ತಿರಕ್ಕೆ ಬರುವುದಿಲ್ಲ. ಹಾಗಾಗಿ ಹಳೆಯ ವಾಹನಕ್ಕೆ 5ಡಬ್ಲ್ಯೂ ಎಂಬ ದುಬಾರಿ ಆಯಿಲ್ ಹಾಕಿಸುವಂತೆ ಅಂಗಡಿಯವರು ಹೇಳಿದರೆ, ಕೈಪಿಡಿ ಅದನ್ನು ಕೇಳುತ್ತದೆಯೇ ಎಂದು ವಿಚಾರಿಸಬೇಕು. ಹಳೆಯ ಡೀಸೆಲ್ ಪಿಕಪ್‌ಗಳ ಪೈಕಿ ಹೆಚ್ಚಿನವುಗಳ ಕೈಪಿಡಿಯಲ್ಲಿ ಇರುವುದು 15ಡಬ್ಲ್ಯೂ-40.

"ಎಂಜಿನ್ ಹಳತಾಗಿದೆ, ದಪ್ಪ ಆಯಿಲ್ ಹಾಕಿ" ಎಂಬ ಸಲಹೆ ಪ್ರತಿ ಗ್ಯಾರೇಜಿನಲ್ಲೂ ಕೇಳಿಬರುತ್ತದೆ. 20ಡಬ್ಲ್ಯೂ-50 ಹಾಕಿದರೆ ಹೊಗೆ ಸ್ವಲ್ಪ ಇಳಿಯುವುದು, ಮಿಣುಕುವ ದೀಪ ಆರುವುದು ನಿಜ. ಆದರೆ ಸವೆದ ರಿಂಗ್ ಸವೆದೇ ಇರುತ್ತದೆ. ಅದು ನಮ್ಮ ಕಣ್ಣಿಗೆ ಕಾಣುವುದು ಮಾತ್ರ ನಿಲ್ಲುತ್ತದೆ. ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ದಪ್ಪ ಆಯಿಲ್ ಮೇಲಿನ ಭಾಗಗಳಿಗೆ ತಲುಪುವುದು ತಡವಾಗುತ್ತದೆ, ಇಂಧನವೂ ತುಸು ಹೆಚ್ಚು ಖರ್ಚಾಗುತ್ತದೆ. ಓವರ್‌ಹಾಲ್‌ಗೆ ಅನುದಾನ ಬರುವವರೆಗೆ ಕೆಲವು ತಿಂಗಳು ತಳ್ಳಲು ಈ ಉಪಾಯ ಆದೀತು. ಅದನ್ನು ದುರಸ್ತಿಯೆಂದು ಭಾವಿಸಬಾರದು.

ಎರಡನೆಯ ಸಂಗತಿ ಎಪಿಐ ವರ್ಗ. ನನ್ನ ದೃಷ್ಟಿಯಲ್ಲಿ ಸ್ನಿಗ್ಧತೆಗಿಂತ ಇಲ್ಲಿಯೇ ಹೆಚ್ಚು ತಪ್ಪುಗಳಾಗುತ್ತವೆ. ಎಸ್ ಅಕ್ಷರದಿಂದ ಆರಂಭವಾಗುವ ವರ್ಗ ಪೆಟ್ರೋಲ್ ಎಂಜಿನ್‌ಗಳದ್ದು, ಸಿ ಅಕ್ಷರದ್ದು ಡೀಸೆಲ್‌ನದ್ದು. ಡೀಸೆಲ್ ಉರಿದಾಗ ಹುಟ್ಟುವ ಮಸಿಯ ಒಂದಂಶ ಆಯಿಲಿಗೆ ಸೇರುತ್ತದೆ. ಒಳ್ಳೆಯ ಡೀಸೆಲ್ ಆಯಿಲ್ ಆ ಮಸಿಕಣಗಳು ಒಂದಕ್ಕೊಂದು ಅಂಟಿ ಗಂಟಾಗದಂತೆ ತನ್ನಲ್ಲೇ ತೇಲಿಸಿಕೊಂಡಿರುತ್ತದೆ. ಹೊಸ ಆಯಿಲ್ ಹಾಕಿದ ಕೆಲವೇ ದಿನಗಳಲ್ಲಿ ಕಪ್ಪಾಗುವುದಕ್ಕೆ ಕಾರಣ ಇದು. ಕಪ್ಪಾಯಿತೆಂದು ಗಾಬರಿಪಡಬೇಕಾಗಿಲ್ಲ; ಅದು ಕೆಲಸ ಮಾಡುತ್ತಿದೆ ಎಂದರ್ಥ. ಹಳ್ಳಿಯ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ದ್ವಿಚಕ್ರ ವಾಹನದ 4ಟಿ ಆಯಿಲಿಗೆ ಇಷ್ಟು ಮಸಿಯನ್ನು ಹೊರುವ ಶಕ್ತಿ ಇಲ್ಲ. ನಮ್ಮ ಪಿಕಪ್‌ಗೆ ಮಟ್ಟ ಕಡಿಮೆಯಾದಾಗಲೆಲ್ಲ ಸುರಿಯುತ್ತಿದ್ದುದು ಅದನ್ನೇ ಎಂದು ನಂತರ ತಿಳಿಯಿತು. ಟ್ರ್ಯಾಕ್ಟರಿನ ಹೈಡ್ರಾಲಿಕ್ ಮತ್ತು ಗೇರ್‌ಬಾಕ್ಸಿಗೆ ಬಳಸುವ ಆಯಿಲನ್ನೂ ಎಂಜಿನ್ನಿಗೆ ಹಾಕಬಾರದು.

ಡೀಸೆಲ್ ವರ್ಗಗಳಲ್ಲಿ ಸಿಎಫ್-4, ಸಿಎಚ್-4, ಸಿಐ-4, ಸಿಜೆ-4, ಸಿಕೆ-4 ಎಂದು ಕಾಲಕ್ರಮದ ಸಾಲು ಇದೆ. 2002ರಲ್ಲಿ ಬಂದ ಸಿಐ-4 ಆಯಿಲನ್ನು ಅದಕ್ಕೂ ಹಿಂದಿನ ಸಿಎಫ್-4, ಸಿಎಚ್-4 ಕೇಳುವ ಎಂಜಿನ್‌ಗಳಿಗೂ ಹಾಕಬಹುದು. ಆದ್ದರಿಂದ 15ಡಬ್ಲ್ಯೂ-40, ಸಿಐ-4 ಎಂಬ ಜೋಡಿ ಹೆಚ್ಚಿನ ಹಳೆಯ ಪಿಕಪ್‌ಗಳಿಗೆ ಸಾಕು. ಸಾಮಾನ್ಯ ಖನಿಜ ಆಯಿಲ್ ಆಗಬಹುದು, ಸಿಂಥೆಟಿಕ್‌ಗೆ ಹಣ ತೆರುವ ಅಗತ್ಯವಿಲ್ಲ. ಆ ಹಣದಲ್ಲಿ ಒಂದು ಬದಲಾವಣೆ ಹೆಚ್ಚು ಮಾಡಿಸಿದರೆ ಎಂಜಿನ್ನಿಗೆ ಹೆಚ್ಚು ಹಿತ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿಎಸ್-6 ಮಾನದಂಡ ಜಾರಿಗೆ ಬಂದಿದೆ. ಆ ನಂತರದ ಡೀಸೆಲ್ ವಾಹನಗಳಲ್ಲಿ ಹೊಗೆಕೊಳವೆಗೆ ಮಸಿ ಹಿಡಿಯುವ ಫಿಲ್ಟರ್ ಇದ್ದರೆ ಅದಕ್ಕೆ ಕಡಿಮೆ ಬೂದಿಯ ಆಯಿಲ್ ಬೇಕು. ಕೈಪಿಡಿ ಹೇಳಿದ್ದನ್ನೇ ಹಾಕಬೇಕು. ಹಳೆಯ ವಾಹನದ ಸಿಐ-4 ಆಯಿಲನ್ನು ಅದಕ್ಕೆ ಸುರಿದರೆ, ಆಯಿಲ್ ಉರಿದ ಬೂದಿ ಆ ಫಿಲ್ಟರಿನಲ್ಲಿ ಕೂತು ಕ್ರಮೇಣ ಕಟ್ಟಿಕೊಳ್ಳುತ್ತದೆ. ಹಳೆಯದೊಂದು, ಹೊಸದೊಂದು ವಾಹನವಿರುವ ಪಂಚಾಯತಿಗಳು ಉಳಿತಾಯದ ಹೆಸರಿನಲ್ಲಿ ಎರಡಕ್ಕೂ ಒಂದೇ ಆಯಿಲ್ ಖರೀದಿಸಬಾರದು. ವಾಹನ ಯಾವ ಮಾನದಂಡದ್ದು ಎಂಬುದನ್ನು ನೋಂದಣಿ ಪತ್ರದಲ್ಲಿ ನೋಡಬಹುದು.

ಖರೀದಿಯ ವಿಷಯದಲ್ಲಿ ಬಿಡಿ ಆಯಿಲ್ ಬೇಡವೇ ಬೇಡ. ಮುಚ್ಚಳದ ಸೀಲ್ ಭದ್ರವಾಗಿರುವ ಡಬ್ಬಿಯನ್ನು ಬಿಲ್ಲಿನೊಂದಿಗೇ ಪಡೆಯಬೇಕು. ಬಿಲ್ಲಿನಲ್ಲಿ ಆಯಿಲಿನ ಹೆಸರು, ಸ್ನಿಗ್ಧತೆ, ಎಪಿಐ ವರ್ಗ, ಬ್ಯಾಚ್ ಸಂಖ್ಯೆ, ಪ್ರಮಾಣ ಇವಿಷ್ಟೂ ಇರಲಿ. ದಾಸ್ತಾನು ವಹಿಯಲ್ಲಿಯೂ ಹಾಗೆಯೇ ನಮೂದಾಗಲಿ. ಕೇವಲ "ಆಯಿಲ್" ಎಂದು ಬರೆದ ಓಚರನ್ನು ಸದಸ್ಯರು ಸಭೆಯಲ್ಲಿ ಹಿಂದಕ್ಕೆ ಕಳುಹಿಸಿದರೆ ಕಾರ್ಯದರ್ಶಿಗಳು ಮತ್ತು ನಮ್ಮಂತಹ ಅಧಿಕಾರಿಗಳು ಬೇಸರಿಸಿಕೊಳ್ಳಬಾರದು. ಖಾಲಿ ಡಬ್ಬಿಯನ್ನು ಅಂಗಡಿಯಲ್ಲಿ ಬಿಟ್ಟುಬರದೆ ಕತ್ತರಿಸಿ ಪ್ಲಾಸ್ಟಿಕ್ ಸಂಗ್ರಹಕ್ಕೆ ಹಾಕುವುದು ಒಳ್ಳೆಯದು. ಒಳ್ಳೆಯ ಹೆಸರಿನ ಖಾಲಿ ಡಬ್ಬಿಗೆ ಕಳಪೆ ಆಯಿಲ್ ತುಂಬಿ ಮಾರುವವರಿಗೆ ಅದೇ ಬಂಡವಾಳ.

ದಿನದ ತಪಾಸಣೆ ಚಾಲಕರ ಕೈಯಲ್ಲಿದೆ. ಬೆಳಿಗ್ಗೆ ಸಮತಟ್ಟಾದ ಜಾಗದಲ್ಲಿ, ಸ್ಟಾರ್ಟ್ ಮಾಡುವ ಮೊದಲು, ಅಳತೆ ಕಡ್ಡಿ ಎಳೆದು ಒರೆಸಿ ಮತ್ತೆ ಹಾಕಿ ನೋಡಬೇಕು. ಆಯಿಲ್ ಎರಡು ಗುರುತುಗಳ ನಡುವೆ ಇರಬೇಕು; ಮೇಲಿನ ಗುರುತು ದಾಟುವುದೂ ಹಾನಿಕರವೇ. ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ರೇಡಿಯೇಟರಿನ ನೀರು ಒಳಗೆ ಸೇರುತ್ತಿದೆ ಎಂದು ತಿಳಿದು ವಾಹನವನ್ನು ನಿಲ್ಲಿಸಬೇಕು. ಡೀಸೆಲ್ ವಾಸನೆ ಬಂದರೂ, ಮಟ್ಟ ತಾನಾಗಿ ಏರಿದ್ದರೂ ಮೆಕ್ಯಾನಿಕ್‌ಗೆ ತೋರಿಸಬೇಕು. ಎಂಜಿನ್ ಚಾಲೂ ಇರುವಾಗ ಎಣ್ಣೆ ಕುಪ್ಪಿಯ ಚಿತ್ರದ ಕೆಂಪು ದೀಪ ಹತ್ತಿದರೆ ಅಲ್ಲಿಯೇ ಎಂಜಿನ್ ಆಫ್ ಮಾಡಬೇಕು, ಘಟಕದವರೆಗೆ ಓಡಿಸಿಕೊಂಡು ಬರುವ ಸಾಹಸ ಬೇಡ. ಇಂತಹ ಸಂದರ್ಭದಲ್ಲಿ ವಾಹನ ನಿಲ್ಲಿಸಿದ ಚಾಲಕರನ್ನು "ಕಸ ಯಾಕೆ ಎತ್ತಲಿಲ್ಲ" ಎಂದು ಗದರಿಸದಂತೆ ಸದಸ್ಯರು ನೋಡಿಕೊಳ್ಳಬೇಕೆಂಬುದು ನನ್ನ ವಿನಂತಿ. ಮಧ್ಯದಲ್ಲಿ ಹಾಕಿದ ಪ್ರತಿ ಅರ್ಧ ಲೀಟರನ್ನೂ ಲಾಗ್ ಪುಸ್ತಕದಲ್ಲಿ ಬರೆಯಿಸಿದರೆ, ಎಂಜಿನ್ ಎಷ್ಟು ಆಯಿಲ್ ಕುಡಿಯುತ್ತಿದೆ ಎಂಬುದು ಆರು ತಿಂಗಳಲ್ಲಿ ತಿಳಿಯುತ್ತದೆ. ಓವರ್‌ಹಾಲ್‌ಗೆ ಆಯವ್ಯಯದಲ್ಲಿ ಮೊತ್ತ ಕಾದಿರಿಸಲು ಆ ಪುಟವೇ ಆಧಾರವಾಗುತ್ತದೆ.

ಕೊನೆಯದಾಗಿ, ಹೊರತೆಗೆದ ಹಳೆಯ ಆಯಿಲ್. ಅದನ್ನು ಚರಂಡಿಗೆ ಸುರಿಯುವುದು, ಗೆದ್ದಲಿಗೆಂದು ಕಂಬಕ್ಕೆ ಬಳಿಯುವುದು, ಇಟ್ಟಿಗೆ ಗೂಡಿಗೆ ಉರುವಲಾಗಿ ಕೊಡುವುದು ನಮ್ಮಲ್ಲಿ ರೂಢಿ. 2016ರ ಅಪಾಯಕಾರಿ ತ್ಯಾಜ್ಯಗಳ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. ಅದು ಅಧಿಕೃತ ಮರುಸಂಸ್ಕರಣೆದಾರರಿಗೆ ಸೇರಬೇಕು. ಹಳೆಯ ಆಯಿಲನ್ನು ಅಂಥವರಿಗೆ ಒಪ್ಪಿಸುವ ವರ್ಕ್‌ಶಾಪಿನಲ್ಲಿಯೇ ಬದಲಾವಣೆ ಮಾಡಿಸುವುದು ಸುಲಭದ ದಾರಿ. ಘಟಕದಲ್ಲಿಯೇ ಬದಲಿಸುವುದಾದರೆ ನೀರು, ಡೀಸೆಲ್ ಬೆರೆಯದಂತೆ ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ, ಮೇಲೆ ದಿನಾಂಕ ಮತ್ತು ಪ್ರಮಾಣ ಬರೆದು, ಮಳೆ ಬೀಳದ ಮೂಲೆಯಲ್ಲಿ ಇರಿಸಿ, ಒಪ್ಪಿಸಿದಾಗ ರಸೀದಿ ಪಡೆದು ಅದೇ ಕಡತಕ್ಕೆ ಸೇರಿಸತಕ್ಕದ್ದು.