ಮೂಲೆಗೆ ಬಿದ್ದ ಟಿಲ್ಲರಿಗೆ ಮರುಜೀವ

ದುಡಿದು ಸವೆಯುವ ಯಂತ್ರಕ್ಕಿಂತ ದುಡಿಯದೆ ನಿಂತ ಯಂತ್ರವೇ ಬೇಗ ಕೆಡುವುದೆಂಬ ಮಾತು ವಿಚಿತ್ರವಾಗಿ ತೋರಬಹುದು. ಆದರೆ ನಮ್ಮ ಹಳ್ಳಿಗಳ ಹಿತ್ತಿಲುಗಳನ್ನು ಒಮ್ಮೆ ಸುತ್ತಿ ಬಂದವರಿಗೆ ಅದರ ಸತ್ಯತೆ ತಾನಾಗಿಯೇ ಮನವರಿಕೆಯಾಗುವುದು. ಬೇವಿನ ಮರದ ಕೆಳಗೋ ಕೊಟ್ಟಿಗೆಯ ಪಕ್ಕದಲ್ಲೋ ತುಕ್ಕು ಹಿಡಿದು ನಿಂತಿರುವ ಹಳೆಯ ಪವರ್ ಟಿಲ್ಲರುಗಳು ಅಲ್ಲಲ್ಲಿ ಕಣ್ಣಿಗೆ ಬೀಳುವುವು. ಅವುಗಳಲ್ಲಿ ಹಲವು ಕೊನೆಗೆ ಗುಜರಿಯ ತಕ್ಕಡಿಯನ್ನು ಸೇರುವುವು. ಇವುಗಳಲ್ಲಿ ಯಾವುದು ನಿಜವಾಗಿಯೂ ಸತ್ತಿದೆ, ಯಾವುದು ಕೇವಲ ನಿದ್ರಿಸುತ್ತಿದೆ ಎಂಬುದನ್ನು ತಿಳಿಯುವ ಬಗೆ ಯಾವುದು? ಇದಕ್ಕೆ ದೊಡ್ಡ ಕಾರ್ಖಾನೆ ಬೇಡ; ತಾಳ್ಮೆ, ಕೆಲವು ಪಾನಾಗಳು, ಹಾಗೂ ಶಾಲೆಯಲ್ಲಿ ಕಲಿತ ಭೌತವಿಜ್ಞಾನ ಇಷ್ಟಿದ್ದರೆ ಸಾಕು.

ಕಲಬುರಗಿ ನಗರದಲ್ಲಿ ನಿಜಾಮರ ಕಾಲದ ಅತಿಥಿಗೃಹದ ಹೆಸರನ್ನೇ ಹೊತ್ತಿರುವ ಐವಾನ್-ಎ-ಶಾಹಿ ಪ್ರದೇಶದ ಮನೆಯೊಂದರ ಅಂಗಳದಲ್ಲಿ, ನಾವು ಕೆಲವು ವಿದ್ಯಾರ್ಥಿಗಳೊಡನೆ ಇಂತಹ ಒಂದು ಯಂತ್ರವನ್ನು ಬಿಚ್ಚಿ ಮತ್ತೆ ಜೋಡಿಸಿದೆವು. ಅದರ ಒಡೆಯರು ಕಮಲಾಪುರದ ಬಳಿ ಬಾಳೆಯ ತೋಟವುಳ್ಳವರು. ಹುಮನಾಬಾದಿನ ಮಾರ್ಗದಲ್ಲಿರುವ ಕಮಲಾಪುರದ ಕೆಂಪು ಬಾಳೆ ಹೆಸರಾಂತುದು. ಬಾಳೆಯ ಸಾಲುಗಳ ನಡುವೆ ದೊಡ್ಡ ಟ್ರಾಕ್ಟರು ನುಗ್ಗಲಾರದು. ಎತ್ತುಗಳನ್ನು ಸಾಕುವುದು ಅವರಿಗೆ ಈಗ ಸಾಧ್ಯವಿಲ್ಲ. ಹೊಸ ಟಿಲ್ಲರಿನ ಬೆಲೆಯೋ ಕೈಗೆಟುಕದು. ಹಳೆಯದು ಮಳೆಗಾಲಕ್ಕೆ ಮುನ್ನ ಎದ್ದರೆ ಸರಿ, ಇಲ್ಲವಾದರೆ ಅದನ್ನು ತೂಕಕ್ಕೆ ಮಾರಿಬಿಡುವುದೆಂದು ಅವರು ನಿಶ್ಚಯಿಸಿದ್ದರು.

ಪವರ್ ಟಿಲ್ಲರೆಂದರೆ ಎರಡು ಗಾಲಿಗಳ, ಹಿಂದಿನಿಂದ ಹಿಡಿಕೆ ಹಿಡಿದು ನಡೆಸುವ ತೋಟದ ಟ್ರಾಕ್ಟರು. ಇದರ ಜೀವಾಳ ಮಣ್ಣನ್ನು ಕಡಿಯುವ ತಿರುಗಲಗು. ಇಂತಹ ಸಾಧನವನ್ನು ಕುರಿತು ೧೯೧೨ರಲ್ಲಿ ಆಸ್ಟ್ರೇಲಿಯದ ಗಿಲ್ಗಂಡ್ರ ಎಂಬಲ್ಲಿ ಕ್ಲಿಫರ್ಡ್ ಹೋವರ್ಡ್ ಎಂಬ ತರುಣನು ತನ್ನ ತಂದೆಯ ಹೊಲದಲ್ಲಿ ಪ್ರಯೋಗ ನಡೆಸಿದನು. ಮೊದಲಿನ ಅಲಗುಗಳು ಮಣ್ಣನ್ನು ಪಕ್ಕಕ್ಕೆ ಎರಚುತ್ತಿದ್ದುವು. ತುದಿಯನ್ನು ಲಂಬವಾಗಿ ಬಾಗಿಸಿದ ಅಲಗಿನಿಂದ ಆ ತೊಡಕು ನಿವಾರಣೆಯಾಯಿತು. ಮುಂದೆ ಚಿಕ್ಕ ಚಿಕ್ಕ ಗದ್ದೆಗಳ ಜಪಾನ್ ದೇಶದಲ್ಲಿ ಎರಡು ಗಾಲಿಗಳ ಯಂತ್ರ ಬಹಳವಾಗಿ ಬಳಕೆಗೆ ಬಂದಿತು. ೧೯೬೭ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ವಿ.ಎಸ್.ಟಿ. ಟಿಲ್ಲರ್ಸ್ ಟ್ರಾಕ್ಟರ್ಸ್ ಸಂಸ್ಥೆ ಜಪಾನಿನ ಮಿತ್ಸುಬಿಷಿ ಕಂಪನಿಯ ಸಹಯೋಗದಿಂದ ಅದನ್ನು ಕರ್ನಾಟಕದಲ್ಲಿಯೇ ತಯಾರಿಸತೊಡಗಿತು.

ಮೊದಲು ಕೇಳಬೇಕಾದ ಪ್ರಶ್ನೆಗಳು

ಹಳೆಯ ಯಂತ್ರ ಕೈಗೆ ಬಂದೊಡನೆ ಅದನ್ನು ಚಾಲೂ ಮಾಡಲು ಹೆಣಗುವುದು ತರವಲ್ಲ. ಎಂಜಿನ್ನಿನ ಎರಕದ ಒಡಲು ಬಿರುಕು ಬಿಟ್ಟಿದೆಯೆ? ಗೇರುಗಳ ಹಲ್ಲುಗಳು ಪೂರ್ತಿಯಾಗಿವೆಯೆ? ಗೇರ್ ಬಾಕ್ಸಿನ ಎಣ್ಣೆಯಲ್ಲಿ ನೀರು ಅಥವಾ ಲೋಹದ ಚೂರುಗಳಿವೆಯೆ? ಈ ಮೂರಕ್ಕೂ ಸಮಾಧಾನಕರ ಉತ್ತರ ದೊರೆತರೆ ಕೆಲಸವನ್ನು ಮುಂದುವರಿಸಬಹುದು. ರಿಂಗು, ಬೇರಿಂಗು, ಗ್ಯಾಸ್ಕೆಟ್ಟುಗಳು ಸವೆಯಲೆಂದೇ ಮಾಡಿದ ಭಾಗಗಳು. ಅವು ಕೆಟ್ಟಿರುವುದು ನಿರಾಶೆಗೆ ಕಾರಣವಲ್ಲ. ಒಡಲೇ ಒಡೆದಿದ್ದರೆ ಮಾತ್ರ ಮನೆಯ ದುರಸ್ತಿ ಲಾಭದಾಯಕವಾಗದು. ನಮ್ಮ ಯಂತ್ರದ ಒಡಲೂ ಗೇರುಗಳೂ ಕ್ಷೇಮವಾಗಿದ್ದುವು. ಪಿಸ್ಟನ್ನು ಮಾತ್ರ ಸಿಲಿಂಡರಿನೊಳಗೆ ಕಚ್ಚಿಕೊಂಡು ಅಲುಗಾಡದೆ ನಿಂತಿದ್ದಿತು.

ತುಕ್ಕಿನ ಕೆಲಸ

ತುಕ್ಕು ಭಾಗಗಳನ್ನು ಹೀಗೆ ಬಿಗಿಹಿಡಿಯುವುದೇಕೆ? ಕಬ್ಬಿಣವು ತೇವ ಹಾಗೂ ಆಮ್ಲಜನಕಗಳೊಡನೆ ಕೂಡಿ ತುಕ್ಕಾದಾಗ ಅದರ ಗಾತ್ರ ಮೂಲದ ಎರಡು ಮೂರು ಪಟ್ಟಾಗುವುದು. ನಟ್ಟು ಬೋಲ್ಟುಗಳ ನಡುವಣ ಕಿರಿದಾದ ಸಂದಿನಲ್ಲಿ ಹೀಗೆ ಹಿಗ್ಗಿದ ತುಕ್ಕಿಗೆ ಹೋಗಲು ಜಾಗವಿಲ್ಲ. ಅದು ಬೆಣೆಯಂತೆ ಎರಡನ್ನೂ ಒತ್ತುವುದು. ಆಗ ಉದ್ದ ಹಿಡಿಯ ಪಾನಾ ಹಾಕಿ ಬಲವಂತ ಮಾಡಿದರೆ ಬೋಲ್ಟಿನ ತಲೆ ಮುರಿದು ಕೈಗೆ ಬರುವುದು.

ಬಲದ ಬದಲು ಇಲ್ಲಿ ಎರಡು ಉಪಾಯಗಳಿವೆ. ಮೊದಲನೆಯದು, ತೆಳುವಾದ ಎಣ್ಣೆ. ದೀಪದ ಬತ್ತಿಯಲ್ಲಿ ಎಣ್ಣೆಯೇರುವುದು ಯಾವ ಆಕರ್ಷಣದಿಂದಲೋ ಅದರಿಂದಲೇ ಎಣ್ಣೆ ಸಂದಿನೊಳಕ್ಕೆ ನುಸುಳುವುದು. ಸಂದು ಕಿರಿದಾದಷ್ಟೂ ಈ ಎಳೆತ ಹೆಚ್ಚು. ಆದರೆ ಅದಕ್ಕೆ ಸಮಯ ಬೇಕು. ನಾವು ಸಿಲಿಂಡರಿನೊಳಕ್ಕೆ ಸೀಮೆಎಣ್ಣೆಯನ್ನೂ ಎಂಜಿನ್ ಎಣ್ಣೆಯನ್ನೂ ಬೆರೆಸಿ ಹೊಯ್ದು ಆರು ದಿನ ಕಾದೆವು. ಏಳನೆಯ ದಿನ ಮರದ ತುಂಡನ್ನಿಟ್ಟು ಮೆಲ್ಲನೆ ತಟ್ಟಿದಾಗ ಪಿಸ್ಟನ್ನು ಕೂದಲೆಳೆಯಷ್ಟು ಸರಿಯಿತು. ಸಂಜೆಯ ವೇಳೆಗೆ ಅದು ಹೊರಗೆ ಬಂದಿತು.

ಎರಡನೆಯ ಉಪಾಯ ಶಾಖ. ೨೦ ಮಿಲಿಮೀಟರು ವ್ಯಾಸದ ಉಕ್ಕಿನ ನಟ್ಟನ್ನು ೨೦೦ ಡಿಗ್ರಿಗಳಷ್ಟು ಹೆಚ್ಚಾಗಿ ಕಾಯಿಸಿದರೆ ಅದರ ರಂಧ್ರ ಸುಮಾರು ೦.೦೫ ಮಿಲಿಮೀಟರು ಹಿಗ್ಗುವುದು. ಈ ಅಲ್ಪ ವ್ಯತ್ಯಾಸವೇ ತುಕ್ಕಿನ ಹಿಡಿತವನ್ನು ಸಡಿಲಿಸಲು ಸಾಕು. ಬೋಲ್ಟು ಕಾಯುವ ಮೊದಲೇ ನಟ್ಟನ್ನು ತಿರುಗಿಸಬೇಕು. ಇಂಧನದ ಟ್ಯಾಂಕನ್ನು ಕಳಚಿ ದೂರವಿಟ್ಟು, ಎಣ್ಣೆಯ ಪಸೆಯನ್ನೆಲ್ಲ ಒರೆಸಿ ತೆಗೆಯದೆ ಬೆಂಕಿಯನ್ನು ಹತ್ತಿರಕ್ಕೆ ತರಲೇಬಾರದು.

ಸಣ್ಣ ಉಕ್ಕಿನ ಭಾಗಗಳ ತುಕ್ಕನ್ನು ವಿದ್ಯುತ್ತಿನಿಂದಲೂ ಕಳೆಯಬಹುದು. ಪ್ಲಾಸ್ಟಿಕ್ ಬಕೆಟಿನ ನೀರಿನಲ್ಲಿ ಬಟ್ಟೆ ಒಗೆಯುವ ಸೋಡವನ್ನು ಲೀಟರಿಗೆ ಒಂದು ಚಮಚದಂತೆ ಕರಗಿಸಿ, ತುಕ್ಕಿನ ಭಾಗವನ್ನು ೧೨ ವೋಲ್ಟಿನ ಬ್ಯಾಟರಿ ಚಾರ್ಜರಿನ ಋಣ ಧ್ರುವಕ್ಕೂ, ಬೇಡವಾದ ಕಬ್ಬಿಣದ ತಗಡನ್ನು ಧನ ಧ್ರುವಕ್ಕೂ ಜೋಡಿಸಬೇಕು. ಧ್ರುವಗಳು ಅದಲುಬದಲಾದರೆ ನಾವು ಉಳಿಸಬೇಕೆಂದಿರುವ ಭಾಗವೇ ಕರಗಿಹೋಗುವುದು! ಇದರಿಂದ ಜಲಜನಕ ಹೊರಡುವುದಾದುದರಿಂದ ಕೆಲಸ ಬಯಲಿನಲ್ಲಿ ನಡೆಯಬೇಕು. ತಗಡಿನ ಬದಲು ಸ್ಟೇನ್‌ಲೆಸ್ ಉಕ್ಕನ್ನು ಬಳಸಕೂಡದು; ಅದರಿಂದ ವಿಷಕರವಾದ ಕ್ರೋಮಿಯಂ ಲವಣಗಳುಂಟಾಗಬಹುದು. ಅಲ್ಯೂಮಿನಿಯಮ್ಮಿನ ಪಿಸ್ಟನ್ನನ್ನು ಈ ದ್ರಾವಣಕ್ಕೆ ಇಳಿಸಬಾರದು; ಕ್ಷಾರವು ಅದನ್ನು ತಿನ್ನುವುದು. ಹಳೆಯ ಬಣ್ಣದಲ್ಲಿ ಸೀಸವೂ, ಹಳೆಯ ಕ್ಲಚ್ ಪದರ ಹಾಗೂ ಗ್ಯಾಸ್ಕೆಟ್ಟುಗಳಲ್ಲಿ ಕಲ್ನಾರೂ ಇರಬಹುದಾದುದರಿಂದ, ಒಣಗಿದ್ದಾಗ ಉಜ್ಜಿ ಧೂಳೆಬ್ಬಿಸದೆ ಒದ್ದೆ ಮಾಡಿಯೇ ತೆಗೆಯುವುದು ಕ್ಷೇಮ.

ಕಿಡಿಯಿಲ್ಲದ ಬೆಂಕಿ

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ಗಿಲ್ಲ. ೧೮೯೭ರಲ್ಲಿ ರುಡಾಲ್ಫ್ ಡೀಸೆಲ್ಲನು ಯಶಸ್ವಿಯಾಗಿ ಓಡಿಸಿ ತೋರಿದ ಈ ಎಂಜಿನ್ನಿನಲ್ಲಿ, ಒತ್ತಿ ಕುಗ್ಗಿಸಿದ ಗಾಳಿಯ ಶಾಖವೇ ಇಂಧನವನ್ನು ಹೊತ್ತಿಸುವುದು. ಸೈಕಲ್ಲಿಗೆ ಗಾಳಿ ತುಂಬುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಎಲ್ಲರೂ ಕಂಡಿದ್ದೇವೆ. ೩೦ ಡಿಗ್ರಿ ಸೆಂಟಿಗ್ರೇಡಿನ ಗಾಳಿಯನ್ನು ಅದರ ಗಾತ್ರದ ೧೮ರಲ್ಲಿ ಒಂದು ಪಾಲಿಗೆ ಒಮ್ಮೆಗೇ ಕುಗ್ಗಿಸಿದರೆ, ಶಾಖ ಸ್ವಲ್ಪವೂ ಸೋರದೆಂದು ಎಣಿಸಿದಾಗ, ಉಷ್ಣತೆ ಸುಮಾರು ೬೯೦ ಡಿಗ್ರಿಗೆ ಏರುವುದೆಂದು ಲೆಕ್ಕ ತೋರಿಸುತ್ತದೆ. ವಾಸ್ತವದಲ್ಲಿ ಇದು ಕಡಮೆ. ಆದರೂ ೨೦೦ ಡಿಗ್ರಿಗೆ ಸ್ವಲ್ಪ ಮೇಲೆ ತಾನೇ ಹೊತ್ತಿಕೊಳ್ಳುವ ಡೀಸೆಲ್ಲಿಗೆ ಅದು ಧಾರಾಳವಾಗಿ ಸಾಕು.

ರಿಂಗುಗಳ ಪಕ್ಕದಿಂದಲೋ ವಾಲ್ವುಗಳ ಕೆಳಗಿನಿಂದಲೋ ಗಾಳಿ ಸೋರಿದರೆ ಈ ಶಾಖ ಹುಟ್ಟದು. ಎಷ್ಟು ಹೊತ್ತು ಹ್ಯಾಂಡಲು ತಿರುವಿದರೂ ಫಲವಿಲ್ಲ. ನಾವು ರಿಂಗುಗಳನ್ನು ಸಿಲಿಂಡರಿನೊಳಗಿಟ್ಟು ಅವುಗಳ ತುದಿಗಳ ನಡುವಣ ಸಂದನ್ನು ಫೀಲರ್ ಗೇಜಿನಿಂದ ಅಳೆದು ನೋಡಿದೆವು. ಸಂದು ಮಿತಿಯನ್ನು ಮೀರಿದ್ದುದರಿಂದ ಹೊಸ ರಿಂಗುಗಳನ್ನು ಹಾಕಿ, ವಾಲ್ವುಗಳನ್ನು ಪೀಠಗಳ ಮೇಲೆ ಅರೆದು ಕೂಡಿಸಿದೆವು. ಈಗ ಹ್ಯಾಂಡಲು ತಿರುವಿದರೆ ಒಳಗೆ ಸ್ಪ್ರಿಂಗನ್ನು ಒತ್ತಿದಂತೆ ಮರುತಳ್ಳು ದೊರೆಯತೊಡಗಿತು.

ಇಷ್ಟಾದರೂ ಎಂಜಿನ್ನು ಏಳಲಿಲ್ಲ. ಕಾರಣ, ಇಂಧನದ ನಳಿಗೆಯಲ್ಲಿ ಸಿಕ್ಕಿಕೊಂಡ ಗಾಳಿ. ದ್ರವ ಒತ್ತಿದರೆ ಬಹುಮಟ್ಟಿಗೆ ಕುಗ್ಗದು, ಗಾಳಿ ಕುಗ್ಗುವುದು. ಪಂಪಿನ ತಳ್ಳೆಲ್ಲವೂ ಗುಳ್ಳೆಯನ್ನು ಕುಗ್ಗಿಸುವುದರಲ್ಲಿಯೇ ವ್ಯಯವಾಗಿ, ನಾಜಲನ್ನು ತೆರೆಯುವಷ್ಟು ಒತ್ತಡ ಹುಟ್ಟುವುದೇ ಇಲ್ಲ. ನಳಿಗೆಯ ಜೋಡಣೆಯನ್ನು ಸಡಿಲಿಸಿ ಗುಳ್ಳೆಗಳೆಲ್ಲ ಹೋಗುವವರೆಗೆ ಡೀಸೆಲನ್ನು ಹರಿಯಬಿಟ್ಟ ಮೇಲೆ ಎಂಜಿನ್ನು ಬಿಳಿಯ ಹೊಗೆಯುಗುಳಿ ಎದ್ದಿತು. ಇಲ್ಲೊಂದು ಎಚ್ಚರಿಕೆ: ನಾಜಲಿನ ತುಂತುರು ವಾಯುಮಂಡಲದ ಒತ್ತಡದ ಸುಮಾರು ೨೦೦ ಪಟ್ಟಿನಲ್ಲಿ ಹೊರಡುವುದು, ಅದು ಚರ್ಮವನ್ನು ಭೇದಿಸಿ ಒಳಹೊಗಬಲ್ಲುದು. ಪರೀಕ್ಷಿಸಲೆಂದು ಅದಕ್ಕೆ ಕೈಯೊಡ್ಡಬಾರದು.

ಪಟ್ಟಿ ಮತ್ತು ಅಲಗು

ಎಂಜಿನ್ನಿನ ಶಕ್ತಿ ಬೆಣೆಯಾಕಾರದ ಬೆಲ್ಟುಗಳ ಮೂಲಕ ಕ್ಲಚ್ಚಿಗೆ ಸಾಗುವುದು. ಬೆಲ್ಟಿನ ಆಕಾರಕ್ಕೆ ಕಾರಣವಿದೆ. ೩೮ ಡಿಗ್ರಿ ಕೋನದ ಗಾಡಿಯಲ್ಲಿ ಬೆಣೆಯಂತೆ ಕುಳಿತ ಬೆಲ್ಟು, ಅದೇ ಬಿಗುವಿನ ಚಪ್ಪಟೆ ಬೆಲ್ಟಿನ ಸುಮಾರು ಮೂರರಷ್ಟು ಬಲದಿಂದ ರಾಟೆಯ ಗೋಡೆಗಳನ್ನು ಒತ್ತುವುದು. ಘರ್ಷಣೆಯೂ ಅಷ್ಟೇ ಹೆಚ್ಚುವುದು. ಸವೆದ ಬೆಲ್ಟು ಗಾಡಿಯ ತಳ ಮುಟ್ಟಿತೆಂದರೆ ಈ ಲಾಭ ನಷ್ಟವಾಗಿ ಅದು ಜಾರತೊಡಗುವುದು. ಒಂದು ಬೆಲ್ಟು ಸವೆದಿದ್ದರೂ ಎಲ್ಲವನ್ನೂ ಒಟ್ಟಿಗೆ ಬದಲಿಸುವುದು ಇದಕ್ಕಾಗಿಯೇ. ಇಲ್ಲವಾದರೆ ಹೊಸ ಬೆಲ್ಟೊಂದೇ ಭಾರವನ್ನೆಲ್ಲ ಹೊರುವುದು.

೧೩ ಅಶ್ವಶಕ್ತಿಯ ಎಂಜಿನ್ನು ನಿಮಿಷಕ್ಕೆ ೨೪೦೦ ಸುತ್ತು ತಿರುಗುವಾಗ ಅದರ ತಿರುಗುಬಲ ಸುಮಾರು ೩೮ ನ್ಯೂಟನ್-ಮೀಟರು ಮಾತ್ರ. ಗೇರುಗಳ ಮೂಲಕ ಅಲಗಿನ ದಂಡವನ್ನು ನಿಮಿಷಕ್ಕೆ ೨೦೦ ಸುತ್ತಿಗೆ ಇಳಿಸಿದರೆ, ನಷ್ಟವನ್ನು ಬಿಟ್ಟರೆ, ಇದು ಹನ್ನೆರಡು ಪಟ್ಟಾಗುವುದು. ಶಕ್ತಿ ಹೆಚ್ಚಲಿಲ್ಲ; ವೇಗವನ್ನು ಕೊಟ್ಟು ಬಲವನ್ನು ಕೊಂಡೆವು, ಅಷ್ಟೆ.

ಮಣ್ಣು ನುಣ್ಣಗಾಗುವುದು ಈ ಬಲವೊಂದರಿಂದಲೇ ಅಲ್ಲ. ಯಂತ್ರ ಸೆಕೆಂಡಿಗೆ ಅರ್ಧ ಮೀಟರು ಮುಂದೆ ಸಾಗುವುದೆನ್ನೋಣ. ದಂಡದ ಒಂದು ಸುತ್ತಿನಲ್ಲಿ ಅದು ೧೫ ಸೆಂಟಿಮೀಟರು ಸರಿದಿರುತ್ತದೆ. ಒಂದೇ ತಲದಲ್ಲಿ ಎರಡು ಅಲಗುಗಳಿದ್ದರೆ ಪ್ರತಿಯೊಂದೂ ೭.೫ ಸೆಂಟಿಮೀಟರಿನ ಹೋಳನ್ನು ಕಡಿಯುವುದು. ನಡಿಗೆಯನ್ನು ಅರ್ಧ ಮಾಡಿದರೆ ಹೋಳೂ ಅರ್ಧವಾಗುವುದು. ಒಣಗಿದಾಗ ಕಲ್ಲಿನಂತೆ ಬಿಗಿಯುವ ಎರೆಮಣ್ಣಿನಲ್ಲಿ ಕೆಳಗೇರಿನಲ್ಲಿಯೇ ನಡೆಯಬೇಕೆಂಬುದರ ಗುಟ್ಟು ಇದೇ. ಎಡದ ಅಲಗು, ಬಲದ ಅಲಗು ಎಂದು ಎರಡು ಬಗೆಗಳಿವೆ. ಬಿಚ್ಚುವ ಮೊದಲೇ ಅವುಗಳ ಸ್ಥಾನವನ್ನು ಚಿತ್ರ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಸ್ಥಾನ ತಪ್ಪಿದರೆ ಅಲಗಿನ ಬೆನ್ನು ನೆಲಕ್ಕೆ ಬಡಿದು ಯಂತ್ರವೆಲ್ಲ ನಡುಗುವುದು. ನೇಗಿಲು, ಬೋದು ಏರಿಸುವ ಸಾಧನ, ಕೆಸರುಗದ್ದೆಯ ಕಬ್ಬಿಣದ ಗಾಲಿಗಳು ಮುಂತಾದ ಉಳಿದ ಉಪಕರಣಗಳಿಗೆ ತುಕ್ಕು ಕಳೆದು, ಮಣ್ಣು ತಾಗುವ ಮೈಗೆ ಬಣ್ಣದ ಬದಲು ಗ್ರೀಸು ಸವರಿದರೆ ಸಾಕು.

ಇಳಿಜಾರಿನ ವಿಪರೀತ

ದುರಸ್ತಿ ಮುಗಿದ ಯಂತ್ರವನ್ನು ಒಡೆಯರಿಗೆ ಒಪ್ಪಿಸುವ ಮುನ್ನ ಹೇಳಲೇಬೇಕಾದ ಸಂಗತಿಯೊಂದಿದೆ. ಟಿಲ್ಲರಿನ ಎರಡು ಹಿಡಿಕೆಗಳಲ್ಲಿಯೂ ಒಂದೊಂದು ತಿರುವು-ಕ್ಲಚ್ಚುಂಟು. ಸಮನೆಲದಲ್ಲಿ ಎಡದ್ದನ್ನು ಒತ್ತಿದರೆ ಎಡಗಾಲಿಗೆ ಎಂಜಿನ್ನಿನ ಸಂಬಂಧ ಕಡಿಯುವುದು. ಬಲಗಾಲಿ ಮುಂದೆ ತಳ್ಳುವುದು. ಯಂತ್ರ ಎಡಕ್ಕೆ ತಿರುಗುವುದು. ಕಡಿದಾದ ಇಳಿಜಾರಿನಲ್ಲಿ ಆಗುವುದು ಇದಕ್ಕೆ ವಿರುದ್ಧ! ಅಲ್ಲಿ ಯಂತ್ರವನ್ನು ನಡೆಸುವುದು ಅದರ ತೂಕ. ಎಂಜಿನ್ನು ಗಾಲಿಗಳನ್ನು ತಡೆದು ಹಿಡಿದಿರುವುದು. ಎಡದ ಕ್ಲಚ್ಚನ್ನು ಒತ್ತಿದರೆ ಎಡಗಾಲಿಯ ಮೇಲಿನ ತಡೆಯೇ ಹೋಗುವುದು. ಅದು ಬಲಗಾಲಿಗಿಂತ ವೇಗವಾಗಿ ಉರುಳಿ ಯಂತ್ರ ಬಲಕ್ಕೆ ನುಗ್ಗುವುದು. ಟ್ರೇಲರು ಕಟ್ಟಿ ಭಾರ ಹೇರಿದ್ದರಂತೂ ಅಪಾಯ ಹೇಳತೀರದು. ಆದುದರಿಂದ ಇಳಿಯುವ ಮೊದಲೇ ಕೆಳಗೇರು ಹಾಕಿ, ಕ್ಲಚ್ಚುಗಳನ್ನು ಮುಟ್ಟದೆ, ಹಿಡಿಕೆಯನ್ನು ಒತ್ತಿಯೇ ದಿಕ್ಕು ತಿದ್ದಬೇಕು. ನಾವು ಒಡೆಯರಿಗೂ ಅವರ ಮಗನಿಗೂ ಬಯಲಿನ ಚಿಕ್ಕ ಇಳಿಜಾರಿನಲ್ಲಿ ಭಾರವಿಲ್ಲದೆ ಇದನ್ನು ಮಾಡಿ ತೋರಿಸಿದೆವು. ಕೇಳಿ ನಂಬದಿದ್ದವರು ನೋಡಿ ನಂಬಿದರು.

ಮೊದಲ ಮಳೆಯ ಹೊತ್ತಿಗೆ ಟಿಲ್ಲರು ಕಮಲಾಪುರದ ತೋಟವನ್ನು ಸೇರಿತು. ಅದರ ಬಣ್ಣ ಈಗಲೂ ಹಳೆಯದೇ. ಹೊಸ ಬಣ್ಣಕ್ಕೆ ತಗಲಬಹುದಾಗಿದ್ದ ಹಣ ಬೇರಿಂಗುಗಳಿಗೂ ಬೆಲ್ಟಿನ ಮೇಲಣ ರಕ್ಷಾಕವಚಕ್ಕೂ ಸಂದಿತು. ಇನ್ನು ಅದು ನಿಲ್ಲದಂತೆ ನೋಡಿಕೊಳ್ಳಬೇಕು: ಕೆಲಸವಿಲ್ಲದ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಎಂಜಿನ್ನನ್ನು ಓಡಿಸಿ, ಅಲಗುಗಳಿಗೆ ಎಣ್ಣೆ ಸವರಿ, ನೆರಳಿನಲ್ಲಿ ಇಡಬೇಕು. ನಿಮ್ಮ ಊರಿನಲ್ಲಿಯೂ ಇಂತಹ ಯಂತ್ರವೊಂದು ಮೂಲೆಗೆ ಬಿದ್ದಿರಬಹುದು. ಅನುಭವವುಳ್ಳ ಮಿಸ್ತ್ರಿಯೊಬ್ಬರನ್ನು ಜೊತೆಗೆ ಕರೆದುಕೊಂಡು, ಪಾನಾ ಹಿಡಿಯುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿ ನೋಡಿ. ಪಠ್ಯಪುಸ್ತಕದ ಅರ್ಧ ಪಾಲು ಆ ತುಕ್ಕಿನ ಕೆಳಗೆ ನಿಮಗಾಗಿ ಕಾದಿದೆ.